ಕುಡಿತ ಬಿಟ್ಟವರು ಕಲಬುರಗಿಗೆ ಬಂದರೆ ಸಂಜೆ ಏನು ಕುಡಿಯಬೇಕು?

ಕೇಳಿದವರು, ಮೈಸೂರಿನಿಂದ:
ಏಪ್ರಿಲ್‌ನಲ್ಲಿ ಕಚೇರಿ ಕೆಲಸಕ್ಕೆ ಕಲಬುರಗಿಗೆ ಬರುತ್ತಿದ್ದೇನೆ, ಬೀದರಿಗೂ ಹೋಗುವುದಿದೆ. ಮದ್ಯ ಬಿಟ್ಟು ವರ್ಷ ದಾಟಿತು. ಸಂಜೆ ಜೊತೆಯವರು ಬಾರಿನಲ್ಲಿ ಕುಳಿತರೆ ನನ್ನ ಪಾಲಿಗೆ ಉಳಿಯುವುದು ನೀರು, ಇಲ್ಲವೇ ಬಾಟಲಿಯ ಸಿಹಿ ಸೋಡಾ. ನಿಧಾನವಾಗಿ ಕುಡಿಯುವಂಥ, ಕುಡಿದದ್ದಕ್ಕೆ ಸಮಾಧಾನವಾಗುವಂಥ ಪಾನೀಯ ನಿಮ್ಮ ಕಡೆ ಏನು ಸಿಗುತ್ತದೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕಲಬುರಗಿಯಿಂದ:
ಸರ್, ನಾನೂ ಬಿಟ್ಟವನೇ. ಹಾಗಾಗಿ ನಿಮ್ಮ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಸಂಜೆಯಾಗುತ್ತಿದ್ದಂತೆ ನನ್ನ ನಾಲಿಗೆ ಕೇಳುತ್ತಿದ್ದದ್ದು ಕಹಿ, ಹುಳಿ, ಖಾರ, ಗಂಟಲಿನಲ್ಲಿ ಸ್ವಲ್ಪ ಚುರುಕು. ಅದಕ್ಕೆ ಸಿಹಿ ಜ್ಯೂಸ್ ಕೊಟ್ಟರೆ ಅರ್ಧ ಲೋಟಕ್ಕೇ ಬೇಸರ ಬರುತ್ತದೆ. ಇಲ್ಲಿನ ಹೋಟೆಲುಗಳ ಮಾಕ್‌ಟೇಲ್ ಪಟ್ಟಿ ಬಹುಪಾಲು ಬಣ್ಣದ ಸಿರಪ್ಪು ಮತ್ತು ಸೋಡಾ; ಅದಕ್ಕೆ ಹಣ ಸುರಿಯಬೇಡಿ. ಈ ಊರಿನ ಒಳ್ಳೆಯ ಪಾನೀಯಗಳೆಲ್ಲ ಬೀದಿಯಲ್ಲಿವೆ, ಖಾನಾವಳಿಯಲ್ಲಿವೆ, ಮನೆಯಲ್ಲಿವೆ.

ಏಪ್ರಿಲ್ ಎಂದರೆ ನಮ್ಮಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಹಗಲು ಹೊತ್ತು ಅಂಬಲಿ ಹುಡುಕಿಕೊಂಡು ಹೋಗಿ. ಜೋಳದ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿಟ್ಟು, ಹುಳಿ ಬಂದ ಮೇಲೆ ಬೆಳಗ್ಗೆ ಕುದಿಸಿ ಆರಿಸುತ್ತಾರೆ. ಕೊಡುವಾಗ ಮಜ್ಜಿಗೆ ಬೆರೆಸಿ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಪುಡಿ ಹಾಕುತ್ತಾರೆ. ಮೊದಲ ಗುಟುಕಿಗೆ ಹುಳಿ, ಆಮೇಲೆ ಜೋಳದ ಘಮ, ಕೊನೆಗೆ ಮೆಣಸಿನಕಾಯಿಯ ಚುರುಕು. ಗಟಗಟ ಕುಡಿಯಲು ಬರುವುದಿಲ್ಲ, ಅದೇ ಅದರ ಗುಣ. ಹುಳಿ ಬರಿಸುತ್ತಾರಲ್ಲ ಎಂದು ಅಳುಕಬೇಡಿ. ಅದು ಮೊಸರಿಗೆ ಬರುವಂಥ ಹುಳಿ, ಮೇಲಾಗಿ ಕುದಿಸಿದ್ದು. ರೊಟ್ಟಿ ಊಟದ ಖಾನಾವಳಿಗಳಲ್ಲಿ ಬೇಸಿಗೆಯಲ್ಲಿ ಅಂಬಲಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಮಸಾಲೆ ಮಜ್ಜಿಗೆಯಂತೂ ಸಿಕ್ಕೇ ಸಿಗುತ್ತದೆ.

ಕಬ್ಬಿನ ಹಾಲನ್ನೂ ಬಿಡಬೇಡಿ. ಆಳಂದ, ಅಫಜಲಪುರದ ಕಡೆ ಕಬ್ಬು ಚೆನ್ನಾಗಿ ಬೆಳೆಯುತ್ತಾರೆ. ಕಬ್ಬನ್ನು ಮಡಚಿ, ನಡುವೆ ಶುಂಠಿ, ನಿಂಬೆ ಸೇರಿಸಿ ಗಾಣಕ್ಕೆ ಕೊಡುವ ಅಂಗಡಿಯನ್ನೇ ಆರಿಸಿಕೊಳ್ಳಿ, ಶುಂಠಿ ತುಸು ಹೆಚ್ಚು ಹಾಕಲು ಹೇಳಿ. ಐಸ್ ಬೇಡವೆನ್ನಿ. ಮೊದಲೇ ಹಿಂಡಿ ಜಗ್ಗಿನಲ್ಲಿ ಇಟ್ಟಿದ್ದರೆ ಮುಟ್ಟಬೇಡಿ. ಗಾಳಿ ತಗುಲಿದ ಸ್ವಲ್ಪ ಹೊತ್ತಿಗೇ ಕಪ್ಪಗಾಗುತ್ತದೆ, ಬಿಸಿಲಿನಲ್ಲಿ ಬೇಗ ಹುಳಿಯುತ್ತದೆ. ಕಣ್ಣೆದುರು ಹಿಂಡಿಸಿ, ನೊರೆ ಇಳಿಯುವ ಮುಂಚೆ ಕುಡಿಯಬೇಕು.

ಸಂಜೆಯೇ ಕಷ್ಟದ ಹೊತ್ತು. ಅದಕ್ಕೆ ನಾನು ಕಂಡುಕೊಂಡ ದಾರಿ ಎರಡು. ಒಂದು, ನಿಂಬೆ ಸೋಡಾ: ಸಕ್ಕರೆ ಹಾಕದೆ, ಕಪ್ಪು ಉಪ್ಪು ಮತ್ತು ಹುರಿದ ಜೀರಿಗೆ ಪುಡಿ ಹಾಕಿಸಿ. ಬಾರಿನಲ್ಲಿ ಕುಳಿತುಕೊಳ್ಳಲೇಬೇಕಾಗಿ ಬಂದರೂ ಇದು ಸಿಗುತ್ತದೆ, ಕೈಯಲ್ಲಿ ಲೋಟವಿದ್ದರೆ ಯಾರೂ ಒತ್ತಾಯಿಸುವುದಿಲ್ಲ. ಇನ್ನೊಂದು, ಚಹಾ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವರು. ಇರಾನಿ ಚಹಾದ ರುಚಿ ಇಲ್ಲಿಯವರ ನಾಲಿಗೆಗೂ ಹತ್ತಿದೆ. ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಇಟ್ಟು, ಹಾಲನ್ನು ಬೇರೆಯಾಗಿ ಕಾಯಿಸಿ ಗಟ್ಟಿ ಮಾಡಿ, ಕಪ್ಪಿಗೆ ಹಾಕುವಾಗ ಎರಡನ್ನೂ ಕೂಡಿಸುವುದು ಅದರ ಕ್ರಮ. ಆ ಒಗರಿಗೆ ಉಸ್ಮಾನಿಯಾ ಬಿಸ್ಕತ್ತು ಜೊತೆಯಾದರೆ ಒಂದು ಗಂಟೆ ಮಾತಾಡುತ್ತ ಕೂಡಬಹುದು. ಖ್ವಾಜಾ ಬಂದೇನವಾಜ್ ದರ್ಗಾದ ಕಡೆ ಸಂಜೆ ಹೊರಟು, ಇಂಥ ಚಹಾ ಎಲ್ಲಿ ಚೆನ್ನಾಗಿ ಮಾಡುತ್ತಾರೆ ಎಂದು ಅಲ್ಲಿಯವರನ್ನೇ ಕೇಳಿ. ಹಾಲು ಬೇಡದಿದ್ದರೆ ನಿಂಬೆ ಹಿಂಡಿದ ಸುಲೇಮಾನಿ. ಜೊತೆಯವರನ್ನೂ ಕರೆದುಕೊಂಡು ಹೋಗಿ. ಬೈಠಕ್ಕನ್ನೇ ಬಾರಿನಿಂದ ಹೊರಗೆ ತಂದರೆ ನಿಮ್ಮ ಅರ್ಧ ಕಷ್ಟ ಹೋಯಿತು.

ಬೀದರಿನಿಂದ, ಒಬ್ಬ ಗೃಹಿಣಿ:
ತಮ್ಮಾ, ಯುಗಾದಿ ಹೊತ್ತಿಗೆ ಬಂದರೆ ಯಾರ ಮನೆಗಾದರೂ ಹೋಗಿ ಬೇವು ಕುಡಿಯಲೇಬೇಕು. ನಿಮ್ಮ ಕಡೆ ಬೇವು ಬೆಲ್ಲವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಳ್ಳುತ್ತಾರೆ, ನಮ್ಮಲ್ಲಿ ಅದು ಲೋಟ ತುಂಬ ಕುಡಿಯುವ ಪಾನೀಯ. ಹೊಸ ಮಡಕೆಯಲ್ಲಿ ಹುಣಸೆ ರಸ, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಬೇವಿನ ಹೂವು. ಮಡಕೆಯ ತಂಪಿಗೆ ಮಣ್ಣಿನ ವಾಸನೆಯೂ ಬೆರೆತಿರುತ್ತದೆ. ಮೇಲಿನವರು ಕಹಿ, ಹುಳಿ ಬೇಕೆನಿಸುತ್ತದೆ ಎಂದರಲ್ಲ, ಇದರಲ್ಲಿ ಎರಡೂ ಇವೆ. ನನ್ನ ತಮ್ಮ ಕುಡಿತ ಬಿಟ್ಟ ವರ್ಷ ಹಬ್ಬ ಮುಗಿದ ಮೇಲೂ ಅವನಿಗೆಂದೇ ಮಾಡಿಡುತ್ತಿದ್ದೆ.

ಬೀದರಿನಲ್ಲಿ ಕೋಟೆ, ಮಹಮೂದ್ ಗವಾನರ ಮದರಸಾ ನೋಡಿ ದಣಿದ ಮೇಲೆ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಬಂಡೆಯಿಂದ ಒಸರುವ ನೀರು, ಲಂಗರಿನಲ್ಲಿ ಎಲ್ಲರಿಗೂ ಊಟ. ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಬೇಕು. ಮದ್ಯ, ತಂಬಾಕು ಯಾವುದೂ ಅಲ್ಲಿಗೆ ಸಲ್ಲ. ಸಂಜೆ ಮನಸ್ಸು ಚಂಚಲವಾಗುವ ಹೊತ್ತಿಗೆ ಅಲ್ಲಿರುವುದು ಒಳ್ಳೆಯದೆಂದು ನನ್ನ ತಮ್ಮನೇ ಹೇಳುತ್ತಿದ್ದ.

ಕಲಬುರಗಿಯಿಂದ, ಔಷಧ ಅಂಗಡಿಯವರು:
ಇನ್ನೂ ಯಾರೂ ಹೇಳದ ಒಂದು ಸಂಗತಿ. ಮದ್ಯರಹಿತ ಬಿಯರ್ ಈಗ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಮದ್ಯಸಾರ ಶೇ. 0.5ಕ್ಕಿಂತ ಹೆಚ್ಚಿದ್ದರಷ್ಟೇ ಅದು ಮದ್ಯ. ಆದ್ದರಿಂದ ಮದ್ಯರಹಿತ ಎಂದು ಬರೆದದ್ದರಲ್ಲೂ ಅಲ್ಪಸ್ವಲ್ಪ ಇರಬಹುದು, 0.0 ಎಂದು ಮುದ್ರಿಸಿದೆಯೇ ನೋಡಿ. ಆದರೂ ಬಿಟ್ಟು ಹೆಚ್ಚು ದಿನವಾಗದವರಿಗೆ ನಾನು ಅದನ್ನು ಹೇಳುವುದಿಲ್ಲ. ಅದೇ ವಾಸನೆ, ಅದೇ ಬಾಟಲಿ ಹಳೆಯ ಆಸೆಯನ್ನು ಕೆರಳಿಸುತ್ತವೆ. ಕುಡಿತ ಬಿಡಿಸಲು ವೈದ್ಯರು ಡೈಸಲ್ಫಿರಾಮ್ ಮಾತ್ರೆ ಕೊಟ್ಟಿದ್ದರೆ ಹೆಚ್ಚಿನ ಎಚ್ಚರ ಬೇಕು. ಸ್ವಲ್ಪ ಮದ್ಯಸಾರ ಹೊಟ್ಟೆಗೆ ಹೋದರೂ ಮುಖ ಕೆಂಪಾಗಿ, ಎದೆ ಬಡಿತ ಏರಿ, ವಾಂತಿಯಾಗಬಹುದು. ದೊಡ್ಡ ಹೋಟೆಲಿನಲ್ಲಿ ಮಾಕ್‌ಟೇಲ್ ತರಿಸಿದರೆ ಬಿಟರ್ಸ್ ಎಂಬ ಕಹಿ ದ್ರವ ಹಾಕಬೇಡಿ ಎಂದು ಮೊದಲೇ ಹೇಳಿ. ಹನಿ ಲೆಕ್ಕದಲ್ಲಿ ಹಾಕುವ ಅಂಗೋಸ್ಟುರಾ ಬಿಟರ್ಸ್‌ನಲ್ಲಿ ಶೇ. 44.7 ಮದ್ಯಸಾರವಿದೆ.

ಯಾದಗಿರಿಯಿಂದ:
ನಮ್ಮ ಕಡೆ ಬಂದರೆ ಮರದಿಂದ ಇಳಿಸಿದ ನೀರಾ ಎಂದು ಯಾರಾದರೂ ಪ್ರೀತಿಯಿಂದ ಕೊಟ್ಟಾರು. ಸೂರ್ಯ ಹುಟ್ಟುವ ಮುಂಚೆ ಇಳಿಸಿ, ತಂಪಾಗಿ ಇಟ್ಟದ್ದಾದರೆ ಮಾತ್ರ ಅದು ನೀರಾ. ಬಿಸಿಲೇರಿದಂತೆ ಮಡಕೆಯಲ್ಲೇ ಹುಳಿತು ಸೇಂದಿ, ಅಂದರೆ ಹೆಂಡವಾಗುತ್ತದೆ. ಯಾವಾಗ ಇಳಿಸಿದ್ದು ಎಂದು ಕೇಳಿ, ಉತ್ತರ ತಡವರಿಸಿದರೆ ಕೈ ಮುಗಿದು ಮಜ್ಜಿಗೆ ಕೇಳಿ. ಯಾವ ಮನೆಯಲ್ಲೂ ಇಲ್ಲವೆನ್ನುವುದಿಲ್ಲ.

ಕಲಬುರಗಿಯಿಂದ, ಮೊದಲು ಉತ್ತರಿಸಿದವರು:
ಸರ್, ಬರುವ ದಿನ ಗೊತ್ತಾದರೆ ಇಲ್ಲಿಯೇ ತಿಳಿಸಿ. ದರ್ಗಾ ಕಡೆಯ ಚಹಾಕ್ಕೆ ನಾನೇ ಜೊತೆಗೆ ಬರುತ್ತೇನೆ. ನಿಮ್ಮ ಕಚೇರಿಯವರು ಬಾರಿಗೆ ಹೊರಟರೆ, ಊರಿನವರೊಬ್ಬರು ಕಾಯುತ್ತಿದ್ದಾರೆ ಎಂದು ಹೇಳಿ ಎದ್ದು ಬಂದುಬಿಡಿ.