ಮಳೆಗಾಲದಲ್ಲಿ ಸೈಕಲ್ ಮೂಲೆ ಸೇರಿದಾಗ: ಫಿಸಿಯೋಗೆ ನಿಮ್ಮ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರು ಕಡೆಯವಳು, ಫಿಸಿಯೋಥೆರಪಿಸ್ಟ್. ಹನ್ನೊಂದು ವರ್ಷದಿಂದ ಸೈಕಲ್ಲೂ ತುಳಿಯುತ್ತಿದ್ದೇನೆ. ಈ ವಾರದ ವಿಷಯ ಒಂದೇ: ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ಕರಾವಳಿ, ಮಲೆನಾಡಿನವರು ಕಾಲು ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆ. ಯುರೋಪಿನವರಿಗೆ ಹಿಮ ಬಿದ್ದಾಗ ಆಫ್ ಸೀಸನ್, ನಮಗೆ ಆರಿದ್ರಾ ಮಳೆ ಹಿಡಿದಾಗ. ಏನಿದ್ದರೂ ಕೇಳಿ. ಮಂಡಿಯ ಫೋಟೋ ಮಾತ್ರ ಕಳಿಸಬೇಡಿ. ಫೋಟೋ ನೋಡಿ ಮಂಡಿಗೆ ಏನಾಗಿದೆ ಅಂತ ಹೇಳುವ ವಿದ್ಯೆ ನನಗೆ ಗೊತ್ತಿಲ್ಲ.

ಪ್ರಶ್ನೆ (ಪುತ್ತೂರು): ಮೇಡಂ, ಮೇ ತಿಂಗಳಲ್ಲಿ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, 300 ಕಿ.ಮೀ.ಯ ಬಿಆರ್‌ಎಂ ಮುಗಿಸಿದೆ. 20 ಗಂಟೆ ಟೈಮ್ ಇತ್ತು, 18ರಲ್ಲೇ ಬಂದೆ. ಆಮೇಲೆ ಮಳೆ ಅಂತ ಮೂರು ವಾರ ಸೈಕಲ್ ಮುಟ್ಟಲಿಲ್ಲ. ನಿನ್ನೆ ಸ್ವಲ್ಪ ಬಿಸಿಲು ಬಂತು, 20 ಕಿ.ಮೀ. ಹೋದೆ. ಸಣ್ಣ ಏರಿನಲ್ಲೂ ಏದುಸಿರು! ಇಷ್ಟು ಬೇಗ ಎಲ್ಲಾ ಹೋಯ್ತಾ?

ಉತ್ತರ: ಎಲ್ಲಾ ಹೋಗಿಲ್ಲ, ಗಾಬರಿ ಬೇಡ. ದಿನಾ ತುಳಿಯುವವರ ಮೈಯಲ್ಲಿ ರಕ್ತದ ದ್ರವದ ಭಾಗ, ಅಂದರೆ ಪ್ಲಾಸ್ಮಾ, ಸ್ವಲ್ಪ ಜಾಸ್ತಿ ಇರುತ್ತದೆ. ನಿಲ್ಲಿಸಿದ ಒಂದೆರಡು ವಾರದಲ್ಲಿ ಮೊದಲು ಇಳಿಯುವುದು ಅದೇ. ಆಗ ಹೃದಯ ಒಂದು ಬಡಿತಕ್ಕೆ ಕಳಿಸುವ ರಕ್ತ ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಬಡಿತದ ಸಂಖ್ಯೆ ಏರುತ್ತದೆ. ನಿಮಗೆ ನಿನ್ನೆ ಆದದ್ದು ಇಷ್ಟೇ. ಇದು ಹೋದಷ್ಟೇ ಬೇಗ ವಾಪಸ್ ಬರುತ್ತದೆ. ಎರಡು ಮೂರು ತಿಂಗಳು ಪೂರ್ತಿ ಬಿಟ್ಟರೆ ಸ್ನಾಯುವಿನ ಒಳಗೂ ಬದಲಾವಣೆ ಆಗುತ್ತದೆ. ಅದನ್ನು ಮತ್ತೆ ಕಟ್ಟುವುದು ನಿಧಾನ.

ಪೂರ್ತಿ ಬಿಡದೇ ಇರಲು ಎಷ್ಟು ಸಾಕು ಅಂತ 1980ರ ದಶಕದಲ್ಲೇ ಅಮೆರಿಕದಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ವಾರಕ್ಕೆ ಆರು ದಿನ, 40 ನಿಮಿಷ ಕಷ್ಟಪಟ್ಟು ತರಬೇತಿ ಮಾಡುತ್ತಿದ್ದವರನ್ನು ಎರಡು ದಿನಕ್ಕೆ ಇಳಿಸಿದರು. ಹದಿನೈದು ವಾರ ಆದರೂ ಅವರ ಆಮ್ಲಜನಕ ಬಳಸುವ ಶಕ್ತಿ ಹೆಚ್ಚುಕಡಿಮೆ ಹಾಗೇ ಉಳಿಯಿತು. ಸಮಯ ಕಡಿಮೆ ಮಾಡಿದಾಗಲೂ ಉಳಿಯಿತು. ತೀವ್ರತೆ ಇಳಿಸಿದಾಗ ಮಾತ್ರ ಕೈಕೊಟ್ಟಿತು. ಹದಿನೈದು ವಾರ ಅಂದರೆ ಹೆಚ್ಚುಕಡಿಮೆ ನಮ್ಮ ಇಡೀ ಮಳೆಗಾಲ, ನೋಡಿ.

ಅದೇ ಸದಸ್ಯರು: ಹಾಗಾದ್ರೆ ವಾರಕ್ಕೆ ಎರಡೇ ದಿನ ಸಾಕಾ? ನಮ್ಮಲ್ಲಿ ಕೆಲವರು ದಿನಾ ಒಂದು ಗಂಟೆ ನಿಧಾನಕ್ಕೆ ತುಳಿಯಬೇಕು ಅಂತಾರೆ.

ಉತ್ತರ: ಇದ್ದದ್ದನ್ನು ಉಳಿಸಿಕೊಳ್ಳಲು ಎರಡು ಸಾಕು, ಬೆಳೆಸಲು ಸಾಲದು. ಆದರೆ ಆ ಎರಡು ದಿನ ಸುಮ್ನೆ ಕಾಲು ಆಡಿಸಿದರೆ ಆಗಲಿಲ್ಲ. ಹತ್ತು ನಿಮಿಷ ಹಗುರಾಗಿ ತುಳಿದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ನಾಲ್ಕು ನಿಮಿಷ ಗಟ್ಟಿಯಾಗಿ, ಮೂರು ನಿಮಿಷ ಹಗುರ. ಹೀಗೆ ನಾಲ್ಕು ಸಲ. ಗಟ್ಟಿ ಅಂದರೆ ಎಷ್ಟು? ಅಡುಗೆಮನೆಯಿಂದ ಯಾರಾದರೂ "ಚಾ ಬೇಕಾ?" ಅಂತ ಕೇಳಿದರೆ "ಹೂಂ" ಅನ್ನುವಷ್ಟೇ ಉಸಿರು ಉಳಿದಿರಬೇಕು. "ಸಕ್ಕರೆ ಕಡಿಮೆ ಹಾಕಿ" ಅನ್ನಲು ಆದರೆ ಇನ್ನೂ ಒಂದು ಗೇರ್ ಏರಿಸಿ.

ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಏರು ಹತ್ತುವಾಗ ಎದೆ ಹಿಡಿದ ಹಾಗೆ ಆಗುವವರು ಮೊದಲು ಡಾಕ್ಟರಿಗೆ ತೋರಿಸಿಕೊಂಡು ಆಮೇಲೆ ಇದನ್ನು ಶುರು ಮಾಡಿ.

ಪ್ರಶ್ನೆ (ಉಡುಪಿ): ಮನೆಯೊಳಗೆ ತುಳಿಯಲು ಟ್ರೇನರ್ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ತಗೊಳ್ಳಬೇಕು ಅಂತಿದ್ದೇನೆ. ಸ್ಮಾರ್ಟ್ ಟ್ರೇನರ್‌ಗೆ ನನ್ನ ಸೈಕಲ್‌ಗಿಂತ ಜಾಸ್ತಿ ದುಡ್ಡು. ಅಯಸ್ಕಾಂತದಿಂದ ಚಕ್ರ ಬಿಗಿ ಮಾಡುವ ಮಾಮೂಲಿ ಮ್ಯಾಗ್ನೆಟಿಕ್ ಸಾಕಾ?

ಉತ್ತರ: ಸಾಕು. ಮೊದಲು ಒಂದು ಒಳ್ಳೆಯ ಟೇಬಲ್ ಫ್ಯಾನ್ ತಗೊಳ್ಳಿ. ತಮಾಷೆ ಅಲ್ಲ. ಜುಲೈನಲ್ಲಿ ನಮ್ಮ ಕಡೆ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂದರೆ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಬಟ್ಟೆ ಒಣಗದ ಕಡೆ ಬೆವರು ಹೇಗೆ ಒಣಗಬೇಕು? ಬೆವರು ಆವಿಯಾದರೆ ಮಾತ್ರ ಮೈ ತಣ್ಣಗಾಗುತ್ತದೆ, ಬರೀ ಹರಿದು ನೆಲಕ್ಕೆ ಬಿದ್ದರೆ ಆಗುವುದಿಲ್ಲ. ರಸ್ತೆಯಲ್ಲಿ ಎದುರು ಗಾಳಿ ಆ ಕೆಲಸ ಮಾಡುತ್ತದೆ, ಕೋಣೆಯಲ್ಲಿ ಫ್ಯಾನೇ ಗತಿ.

ನಾನು ಮೊದಲ ವರ್ಷ ಎರಚಲು ಒಳಗೆ ಬರುತ್ತದೆ ಅಂತ ಕಿಟಕಿ ಮುಚ್ಚಿ ಶುರು ಮಾಡಿದೆ. ಅರ್ಧ ಗಂಟೆಯೂ ಆಗಿರಲಿಲ್ಲ, ತುಳಿಯುವ ವೇಗ ಅಷ್ಟೇ ಇದೆ, ಹೃದಯ ಬಡಿತ ಮಾತ್ರ ಏರುತ್ತಲೇ ಇದೆ. ಇಳಿದು ನಿಂತೆ ನೋಡಿ, ಕಣ್ಣು ಕತ್ತಲೆ ಬಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೇರೆಯವರಿಗೆ ವ್ಯಾಯಾಮ ಹೇಳಿಕೊಡುವವಳು ನಾನು! ಈಗ ಜಗಲಿಯಲ್ಲೇ ಟ್ರೇನರ್ ಇಟ್ಟಿದ್ದೇನೆ, ಮಾಡಿನ ನೀರು ಎದುರಿಗೇ ಸುರಿಯುತ್ತಿರುತ್ತದೆ. ಮನಸ್ಸಿಗೂ ಬೇಜಾರಾಗುವುದಿಲ್ಲ.

ಮ್ಯಾಗ್ನೆಟಿಕ್‌ನಲ್ಲಿ ಇನ್ನೊಂದು ಲಾಭ, ಅದಕ್ಕೆ ಕರೆಂಟ್ ಬೇಡ. ನಮ್ಮ ಊರಿನಲ್ಲಿ ಗಾಳಿ ಬಂದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ ಅಲ್ವಾ. ಫ್ಯಾನ್ ನಿಂತರೆ ಗಟ್ಟಿ ಸುತ್ತು ನಿಲ್ಲಿಸಿ, ಹಗುರಾಗಿ ತುಳಿದು ಇಳಿಯಿರಿ. ಹ್ಯಾಂಡಲ್ ಮೇಲೆ ಒಂದು ಹಳೇ ಟವೆಲ್ ಹೊದಿಸಿ. ಬೆವರಿನ ಉಪ್ಪು ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬೋಲ್ಟನ್ನು ತಿಂದುಹಾಕುತ್ತದೆ. ನನ್ನದು ಒಂದೇ ಮಳೆಗಾಲದಲ್ಲಿ ಬಿಚ್ಚಲು ಬಾರದ ಹಾಗೆ ಕಚ್ಚಿಕೊಂಡಿತ್ತು.

ಅದೇ ಸದಸ್ಯರು: ಎಷ್ಟು ನೀರು ಕುಡಿಯಬೇಕು?

ಉತ್ತರ: ತುಳಿಯುವ ಮೊದಲು ತೂಕ ನೋಡಿ, ಮುಗಿದ ಮೇಲೆ ಮೈ ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಅಂತ. ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಿ ಲೆಕ್ಕ ಹಾಕಿ. ಎರಡು ಸಲ ಹೀಗೆ ಮಾಡಿದರೆ ನಿಮ್ಮ ಮೈಯ ಲೆಕ್ಕ ನಿಮಗೆ ಸಿಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ ನೀರು, ಗಂಜಿ ತಿಳಿ ಧಾರಾಳ ಸಾಕು, ಬಣ್ಣದ ಪುಡಿ ಬೇಡ. ಬಿಪಿಗೆ ಮಾತ್ರೆ ತಗೊಳ್ಳುವವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿ.

ಪ್ರಶ್ನೆ (ಸಾಗರ): ನನಗೆ 46. ಹತ್ತಿರ ಜಿಮ್ ಇಲ್ಲ, ಇದ್ದರೂ ಹೋಗುವವನಲ್ಲ. ದಿನಾ ನೂರು ಬಸ್ಕಿ ಹೊಡೆಯುತ್ತೇನೆ. ಸಾಕಲ್ವಾ?

ಉತ್ತರ: ನೂರು ಬಸ್ಕಿ ಹೊಡೆಯುವವರಿಗೆ ಮೊದಲು ಒಂದು ಶಹಬ್ಬಾಸ್. ಈಗ ಬೈಗುಳ. ನಿಮಿಷಕ್ಕೆ 90 ಸುತ್ತು ಅಂದರೆ ಒಂದು ಗಂಟೆಯಲ್ಲಿ 5400 ಸಲ ಪೆಡಲ್ ತಿರುಗಿಸುತ್ತೀರಿ. ಹಗುರವಾದದ್ದನ್ನು ಸಾವಿರ ಸಲ ಮಾಡುವುದು ನಿಮ್ಮ ಕಾಲಿಗೆ ಈಗಾಗಲೇ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಭಾರ. ಆದ್ದರಿಂದ ಎಣಿಕೆ ಇಳಿಸಿ, ಭಾರ ಏರಿಸಿ. ಎಂಟು ಸಲ ಮಾಡುವಷ್ಟರಲ್ಲಿ "ಇನ್ನೆರಡು ಆದರೆ ಹೆಚ್ಚು" ಅನ್ನಿಸಬೇಕು. ಹಾಗೆ ಮೂರು ಸುತ್ತು, ವಾರಕ್ಕೆ ಎರಡು ದಿನ.

ಭಾರ ಎಲ್ಲಿಂದ? ಮಕ್ಕಳ ಸ್ಕೂಲ್ ಬ್ಯಾಗಿಗೆ ಹತ್ತು ಕಿಲೋ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳಿ. ಜಗಲಿಯ ಮೆಟ್ಟಿಲ ಮೇಲೆ ಬಲಗಾಲಿಡಿ. ಕೆಳಗಿರುವ ಎಡಗಾಲಿನಿಂದ ನೆಲ ಒದೆಯದೆ, ಬಲಗಾಲಿನ ಬಲದಿಂದಲೇ ಮೇಲೇಳಿ. ಮೂರು ಎಣಿಸುವಷ್ಟು ನಿಧಾನಕ್ಕೆ ಇಳಿಯಿರಿ. ಎದುರಿಗೆ ಕನ್ನಡಿ ಇಟ್ಟು ಮಂಡಿಯನ್ನು ನೋಡಿ. ಅದು ಹೆಬ್ಬೆರಳಿನ ಕಡೆಗೆ ಒಳಗೆ ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಅಂತ. ನನ್ನ ಹತ್ತಿರ ಬರುವ ಸೈಕಲ್ ಸವಾರರಲ್ಲಿ ತುಂಬಾ ಜನಕ್ಕೆ ಇದೇ ಕಥೆ. ತೊಡೆಯ ಮುಂಭಾಗ ಕಂಬದ ಹಾಗೆ, ಹಿಂಭಾಗ ಮಲಗಿಕೊಂಡಿರುತ್ತದೆ. ವಾಲಿದರೆ ಬ್ಯಾಗ್ ತೆಗೆದಿಟ್ಟು ಭಾರವಿಲ್ಲದೆ ಮೊದಲು ಸರಿಯಾಗಿ ಕಲಿಯಿರಿ.

ಇನ್ನೊಂದು, ನೆಲದಿಂದ ಅಕ್ಕಿ ಚೀಲ ಎತ್ತುವುದು. ಬೆನ್ನು ಬಗ್ಗಿಸಿ ಎತ್ತಿದರೆ ನಾಳೆ ನನ್ನ ಕ್ಲಿನಿಕ್‌ನಲ್ಲೇ ಸಿಗುತ್ತೀರಿ. ಗೋಡೆಗೆ ಬೆನ್ನು ಮಾಡಿ, ಒಂದು ಅಡಿ ಮುಂದೆ ನಿಂತು, ಬೆನ್ನು ನೇರ ಇಟ್ಟುಕೊಂಡು ಸೊಂಟ ಹಿಂದಕ್ಕೆ ತಳ್ಳಿ ಕೂರುವ ಜಾಗದಿಂದ ಗೋಡೆ ಮುಟ್ಟಿ. ಚೀಲ ಎತ್ತುವಾಗಲೂ ಅದೇ ಚಲನೆ. ನಿಮ್ಮ ಬಸ್ಕಿಯ ಜೊತೆ ಗರಡಿಮನೆಯವರ ದಂಡವನ್ನೂ ಸೇರಿಸಿಕೊಳ್ಳಿ. 400ರ ಬಿಆರ್‌ಎಂನಲ್ಲಿ ಕೊನೆಗೆ ಕೈಕೊಡುವುದು ಕಾಲಲ್ಲ, ಭುಜ ಮತ್ತು ಕತ್ತು.

46 ಅಂದಿರಿ, ಅದಕ್ಕೇ ಮೂಳೆಯ ಮಾತನ್ನೂ ಹೇಳಬೇಕು. ಸೈಕಲ್ ಮೇಲೆ ಮೈಭಾರವೆಲ್ಲ ಸೀಟಿನ ಮೇಲೆ. ಮೂಳೆಗೆ ಪೆಟ್ಟಿನಂಥ ಒತ್ತಡ ಬೀಳುವುದೇ ಇಲ್ಲ. ವರ್ಷಗಟ್ಟಲೆ ಸೈಕಲ್ ಒಂದನ್ನೇ ತುಳಿದವರಲ್ಲಿ, ಅದೂ ರೋಡ್ ರೇಸ್ ಮಾಡುವವರಲ್ಲಿ, ಸೊಂಟದ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ. ಹೃದಯ ಇಪ್ಪತ್ತೈದರದು, ಮೂಳೆ ಅಜ್ಜನದು ಆಗಬಾರದಲ್ಲ. ಭಾರ ಎತ್ತುವುದು, ಮೆಟ್ಟಿಲು ಹತ್ತುವುದು, ಮಂಡಿ ಒಪ್ಪಿದರೆ ಸ್ವಲ್ಪ ಸ್ಕಿಪ್ಪಿಂಗ್. ನನ್ನ ಕೇಳಿದರೆ ಮಳೆಗಾಲ ಇರುವುದೇ ಇದಕ್ಕೆ. ಬಿಸಿಲು ಬಿದ್ದ ಮೇಲೆ ನಿಮ್ಮನ್ನು ಸೈಕಲ್‌ನಿಂದ ಇಳಿಸಿ ಬಸ್ಕಿ ಹೊಡೆಸಲು ಯಾರಿಂದಲೂ ಆಗುವುದಿಲ್ಲ.

ಪ್ರಶ್ನೆ (ಬೆಂಗಳೂರು): ಟ್ರೇನರ್ ಮೇಲೆ ಮಂಡಿಯ ಮುಂದೆ ನೋವು. ರಸ್ತೆಯಲ್ಲಿ ಇರಲಿಲ್ಲ.

ಉತ್ತರ: ಟ್ರೇನರ್ ಮೇಲೆ ಸೈಕಲ್ ಅಲುಗುವುದಿಲ್ಲ, ನೀವೂ ಸೀಟು ಬಿಟ್ಟು ಏಳುವುದಿಲ್ಲ. ಒಂದೇ ಕೋನದಲ್ಲಿ ಸಾವಿರಾರು ಸುತ್ತು. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಿರಿ, ಗೇರ್ ಒಂದು ಇಳಿಸಿ. ಮುಂದೆ ನೋವಾದರೆ ಸೀಟು ತಗ್ಗಾಗಿರಬಹುದು, ಹಿಂದೆ ನೋವಾದರೆ ಎತ್ತರ ಆಗಿರಬಹುದು. ಬದಲಾಯಿಸುವಾಗ ಮೂರು ನಾಲ್ಕು ಮಿ.ಮೀ. ಸಾಕು. ಅಂದಹಾಗೆ, ಬೆಂಗಳೂರಿನಲ್ಲಿ ಮಳೆ ಬರುವುದು ಹೆಚ್ಚಾಗಿ ಸಂಜೆ. ಬೆಳಿಗ್ಗೆ ನಂದಿ ಬೆಟ್ಟ ಹತ್ತುವವರಿಗೆ ಆಫ್ ಸೀಸನ್ ಯಾಕೆ ಸ್ವಾಮಿ?

ಪ್ರಶ್ನೆ (ಮೂಡುಬಿದಿರೆ): ಅಕ್ಕ, ಅಕ್ಟೋಬರ್‌ನಲ್ಲಿ ಸೀದಾ 200ರ ಬಿಆರ್‌ಎಂಗೆ ಹೆಸರು ಕೊಡಬಹುದಾ?

ಉತ್ತರ: ಬೇಡ ತಮ್ಮ. ನಾನು ಹಾಗೆ ಮಾಡಿದ್ದೆ. ಉಸಿರಿಗೆ ತೊಂದರೆ ಇರಲಿಲ್ಲ, 140 ದಾಟಿದ ಮೇಲೆ ಮಂಡಿ ಊದಿತು. ಹದಿಮೂರೂವರೆ ಗಂಟೆಯ ಗಡುವಿನ ಒಳಗೆ ಮುಗಿಸಿದೆ, ಆಮೇಲೆ ಐದು ವಾರ ಮನೆಯಲ್ಲಿ. ಉಸಿರು ಬೇಗ ತಯಾರಾಗುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಅಷ್ಟು ಬೇಗ ಆಗುವುದಿಲ್ಲ. ಸೆಪ್ಟೆಂಬರ್‌ನಲ್ಲೇ ಭಾನುವಾರದ ರೈಡ್ ಶುರು ಮಾಡಿ. 40, 60, 80, ಒಂದು ವಾರ ಕಡಿಮೆ, ಮತ್ತೆ 100, 120. ಅಷ್ಟಾದ ಮೇಲೆ ಹೆಸರು ಕೊಡು.

ಪ್ರಶ್ನೆ (ಮಂಗಳೂರು): ನೀವು ಹೇಳಿದ ಮೆಟ್ಟಿಲು ವ್ಯಾಯಾಮ ನಾಲ್ಕು ದಿನದ ಹಿಂದೆ ಮಾಡಿದೆ. ಎರಡು ದಿನದಿಂದ ಮೀನಖಂಡ ಮುಟ್ಟಿದರೂ ನೋವು, ಮೈ ಸ್ವಲ್ಪ ಬಿಸಿ. ಯಾವ ಸ್ಟ್ರೆಚ್ ಮಾಡಲಿ?

ಉತ್ತರ: ಸ್ಟ್ರೆಚ್ ಬೇಡ. ಮೊದಲು ಇದನ್ನು ಹೇಳಿ, ಕಳೆದ ಎರಡು ಮೂರು ವಾರದಲ್ಲಿ ನಿಂತ ನೀರಿನಲ್ಲಿ ಸೈಕಲ್ ಹೊಡೆದಿದ್ದೀರಾ? ಕಾಲಿನಲ್ಲಿ ಗಾಯ ಇತ್ತಾ? ಜ್ವರ ಎಷ್ಟಿದೆ?

ಅದೇ ಸದಸ್ಯರು: ಹತ್ತು ದಿನದ ಹಿಂದೆ ರಸ್ತೆ ತುಂಬಾ ನೀರು, ತಳ್ಳಿಕೊಂಡೇ ಬಂದೆ. ಚೈನ್‌ರಿಂಗ್ ತಾಗಿ ಕಾಲು ತರಚಿತ್ತು. ಈಗ 101. ಕಣ್ಣೂ ಕೆಂಪಾಗಿದೆ, ನಿದ್ದೆ ಕಡಿಮೆ ಆಗಿ ಇರಬೇಕು.

ಉತ್ತರ: ವ್ಯಾಯಾಮದ ನೋವು ಎರಡು ಮೂರು ದಿನದಲ್ಲಿ ಇಳಿಯಲು ಶುರುವಾಗುತ್ತದೆ, ಅದಕ್ಕೆ ಜ್ವರ ಬರುವುದಿಲ್ಲ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಮೂರೂ ಒಟ್ಟಿಗೆ ಇದ್ದರೆ ಇಲಿಜ್ವರ ಇರಬಹುದು. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಬರುವಂಥದ್ದು, ಹೆಚ್ಚಾಗಿ ವಾರ ಹತ್ತು ದಿನ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಡೆಂಗಿಯೂ ಆಗಿರಬಹುದು, ಬರೀ ಫ್ಲೂ ಕೂಡ ಇರಬಹುದು. ರಕ್ತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಇಲಿಜ್ವರಕ್ಕೆ ಬೇಗ ಔಷಧಿ ಶುರು ಮಾಡಿದರೆ ಗುಣವಾಗುತ್ತದೆ, ತಡ ಮಾಡಿದರೆ ಕಿಡ್ನಿ, ಲಿವರ್‌ಗೆ ಬರುತ್ತದೆ. ನೋವಿನ ಮಾತ್ರೆ ನುಂಗಿ ನಾಳೆ ನೋಡೋಣ ಅನ್ನಬೇಡಿ. ನೀರಿನಲ್ಲಿ ನಡೆದದ್ದು, ಕಾಲು ತರಚಿದ್ದು ಎರಡನ್ನೂ ಡಾಕ್ಟರಿಗೆ ಮರೆಯದೆ ಹೇಳಿ.

ಅದೇ ಸದಸ್ಯರು: ಸರಿ ಮೇಡಂ. ಮಳೆ ಸ್ವಲ್ಪ ನಿಂತ ಮೇಲೆ ಹೋಗ್ತೇನೆ.

ಉತ್ತರ: ಈಗಲೇ ಹೋಗಿ. ಆಟೋದಲ್ಲಿ, ಸೈಕಲ್‌ನಲ್ಲಲ್ಲ.