ಮನಿಲಾ–ಬಾಗಿಯೊ–ಸಗಾಡಾ–ಬನಾವೆ ರಸ್ತೆ ಪ್ರವಾಸ: ಹೋಗಿ ಬಂದವರು ಹೇಳಿ

ಕೇಳಿದ್ದು: ಫಿಲಿಪ್ಪೀನ್ಸ್‌ನ ಲೂಝಾನ್ ದ್ವೀಪದ ಉತ್ತರದ ಬೆಟ್ಟಸೀಮೆಗೆ ಆರು ಜನ ಗೆಳೆಯರು ಹೊರಟಿದ್ದೇವೆ. ನಾಲ್ವರು ಬೆಂಗಳೂರಿನಿಂದ ಬರುವವರು, ಇಬ್ಬರು ಮನಿಲಾ ಪಕ್ಕದ ಮಕಾಟಿಯಲ್ಲಿ ಎರಡು ವರ್ಷದಿಂದ ಕೆಲಸದಲ್ಲಿರುವವರು. ನವೆಂಬರ್ ಮೂರನೇ ವಾರ, ಕೈಯಲ್ಲಿ ಏಳು ದಿನ. ಕಾರು ಬಾಡಿಗೆಗೆ ತಗೊಂಡು ನಾವೇ ಓಡಿಸುವ ಯೋಚನೆ. ನೋಡಬೇಕೆಂದಿರುವುದು ಗುಹೆ, ಗದ್ದೆ ಮೆಟ್ಟಿಲು, ಸಾಧ್ಯವಾದರೆ ಪುಲಾಗ್ ಬೆಟ್ಟ. ಇಬ್ಬರು ಸಸ್ಯಾಹಾರಿಗಳು. ಏನೇನು ನೋಡಿಕೊಳ್ಳಬೇಕು, ಎಲ್ಲಿ ಎಡವಟ್ಟಾಗುತ್ತದೆ, ತಿಳಿಸಿ.

ಮನಿಲಾದಿಂದ: ಮೊದಲು ದಿನಗಳ ಲೆಕ್ಕ. ಮನಿಲಾದಿಂದ ಬಾಗಿಯೊ ಸುಮಾರು 250 ಕಿ.ಮೀ., ಐದಾರು ಗಂಟೆ. ಬಾಗಿಯೊದಿಂದ ಸಗಾಡಾ 150 ಕಿ.ಮೀ. ಒಳಗೇ, ಆದರೆ ಅದಕ್ಕೂ ಐದಾರು ಗಂಟೆ ಬೇಕು. ಮ್ಯಾಪ್ ತೋರಿಸುವ ಸಮಯ ಬೆಟ್ಟದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಗಾಡಾದಿಂದ ಬೊಂತೋಕ್ ಮೂಲಕ ಬನಾವೆಗೆ ಮೂರು ಗಂಟೆ. ಬನಾವೆಯಿಂದ ವಾಪಸ್ ಮನಿಲಾಗೆ ಒಂಬತ್ತರಿಂದ ಹತ್ತು ಗಂಟೆ. ಹಾಗಾಗಿ ಬಾಗಿಯೊದಲ್ಲಿ ಒಂದು ರಾತ್ರಿ, ಸಗಾಡಾದಲ್ಲಿ ಎರಡು, ಬನಾವೆ ಹತ್ತಿರದ ಗದ್ದೆ ಮೆಟ್ಟಿಲುಗಳ ಹಳ್ಳಿ ಬತಾದ್‌ನಲ್ಲಿ ಒಂದು, ಬನಾವೆಯಲ್ಲಿ ಒಂದು ಅಂತ ಹಾಕಿಕೊಳ್ಳಿ. ಉಳಿಯುವ ಒಂದು ದಿನವನ್ನು ಯಾವುದಕ್ಕೂ ಕೊಡಬೇಡಿ. ರಸ್ತೆ ಮುಚ್ಚಿದರೆ ಆ ದಿನವೇ ನಿಮ್ಮನ್ನು ಕಾಯುವುದು.

ಇದನ್ನು ಒತ್ತಿ ಹೇಳಲು ಕಾರಣವಿದೆ. 2025ರ ಜೂನ್‌ನಿಂದ ಭಾರತೀಯರಿಗೆ ವೀಸಾ ಇಲ್ಲದೆ 14 ದಿನ ಇರಲು ಬಿಡುತ್ತಾರೆ, ಆದರೆ ಆ ಅವಧಿಯನ್ನು ವಿಸ್ತರಿಸಲು ಆಗುವುದಿಲ್ಲ. ಬೆಂಗಳೂರಿನವರು ಬೆಟ್ಟದ ಸುತ್ತನ್ನು ಮೊದಲು ಮುಗಿಸಿ, ಮನಿಲಾ ಮತ್ತು ಸಮುದ್ರತೀರವನ್ನು ಕೊನೆಗೆ ಇಟ್ಟುಕೊಳ್ಳಲಿ. ಬನಾವೆಯಿಂದ ಬಂದ ದಿನವೇ ವಿಮಾನ ಹತ್ತುವ ಟಿಕೆಟ್ ಯಾವ ಕಾರಣಕ್ಕೂ ಬೇಡ. ಬಂದಿಳಿಯುವ ಮುಂಚಿನ 72 ಗಂಟೆಯೊಳಗೆ, ಹೊರಡುವ ಮೊದಲೇ, ಇಲ್ಲಿನ ಸರ್ಕಾರದ ಇ-ಟ್ರಾವೆಲ್ ತಾಣದಲ್ಲಿ ನೋಂದಣಿ ಮಾಡಿ ಕ್ಯೂಆರ್ ಕೋಡ್ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ನೋಂದಣಿಗೆ ದುಡ್ಡಿಲ್ಲ, ದುಡ್ಡು ಕೇಳುವ ಜಾಲತಾಣ ಅಸಲಿಯಲ್ಲ.

ನವೆಂಬರ್ 30 ಬೊನಿಫಾಸಿಯೊ ದಿನದ ರಜೆ. ನಿಮ್ಮ ವಾರ ಆ ಕಡೆ ಜರುಗಿದರೆ ಬಾಗಿಯೊ ತುಂಬಿ ತುಳುಕುತ್ತದೆ.

ಬಾಗಿಯೊದಿಂದ: ರಸ್ತೆಯ ಬಗ್ಗೆ ಬಿಡಿಸಿ ಹೇಳುತ್ತೇನೆ, ಈ ಪ್ರವಾಸ ನಿಂತಿರುವುದೇ ಅದರ ಮೇಲೆ.

ಮನಿಲಾದಿಂದ ಎನ್‌ಲೆಕ್ಸ್, ಸಿಟೆಕ್ಸ್, ಟಿಪ್ಲೆಕ್ಸ್ ಎಂಬ ಮೂರು ಟೋಲ್ ಹೆದ್ದಾರಿಗಳು ಒಂದಕ್ಕೊಂದು ಸೇರಿಕೊಂಡು ಲಾ ಯೂನಿಯನ್ ಪ್ರಾಂತ್ಯದ ರೊಸಾರಿಯೊದಲ್ಲಿ ಮುಗಿಯುತ್ತವೆ. ಅಲ್ಲಿಂದ ಮೇಲೆ ಹತ್ತಲು ಎರಡು ದಾರಿ. ಕೆನನ್ ರಸ್ತೆ ಹತ್ತಿರ, ನೋಡಲೂ ಚೆಂದ, ಆದರೆ ಕಣಿವೆಯ ತಳದಲ್ಲಿ ಹೋಗುವುದರಿಂದ ಮಳೆ ಬಂದರೆ ಕಲ್ಲು ಉರುಳುತ್ತದೆ, ಆಗಾಗ ಮುಚ್ಚುತ್ತಾರೆ. ಮಾರ್ಕೋಸ್ ಹೈವೇ ಅಗಲ, ಬಸ್ಸುಗಳೂ ಅದರಲ್ಲೇ ಬರುತ್ತವೆ. ಮೊದಲ ಸಲ ಬರುವವರು ಅದನ್ನೇ ಹಿಡಿಯಿರಿ.

ಬಾಗಿಯೊ ದಾಟಿದ ಮೇಲೆ ಹಲ್ಸೆಮಾ ಹೈವೇ. ಬಾಗಿಯೊ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ; ಹಲ್ಸೆಮಾ ಅತೋಕ್ ಬಳಿ 2,255 ಮೀಟರ್ ಮುಟ್ಟುತ್ತದೆ. ಕಾಂಕ್ರೀಟ್ ಹಾಕಿದ ಒಳ್ಳೆಯ ರಸ್ತೆ. ತೊಂದರೆ ಕೊಡುವುದು ಮಂಜು. ಮಧ್ಯಾಹ್ನ ಎರಡು-ಮೂರರ ನಂತರ ಮೋಡ ರಸ್ತೆಗೇ ಇಳಿದು ಮುಂದಿನ ತಿರುವು ಕಾಣುವುದಿಲ್ಲ. ನವೆಂಬರ್‌ನಲ್ಲಿ ಐದೂವರೆಗೆ ಸೂರ್ಯ ಮುಳುಗಿಬಿಡುತ್ತಾನೆ. ಮೇಲಾಗಿ ಲಾ ತ್ರಿನಿದಾದ್ ಮಾರುಕಟ್ಟೆಗೆ ಕೋಸು, ಆಲೂಗಡ್ಡೆ, ಕ್ಯಾರೆಟ್ ತರುವ ಲಾರಿಗಳು ಎದುರಿಗೆ ಬರುತ್ತವೆ. ಬೆಳಿಗ್ಗೆ ಆರಕ್ಕೆ ಬಾಗಿಯೊ ಬಿಡಿ, ಊಟದ ಹೊತ್ತಿಗೆ ಸಗಾಡಾದಲ್ಲಿರಿ. ಮಂಜಿನಲ್ಲಿ ಸಿಕ್ಕಿಕೊಂಡರೆ ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್, ಕಿಟಕಿ ಸ್ವಲ್ಪ ಇಳಿಸಿ ಎದುರಿನ ಹಾರ್ನ್ ಕೇಳುವಂತಿರಲಿ.

ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು ಬಯಲುಸೀಮೆಯ ಚಾಲಕರ ದೊಡ್ಡ ತಪ್ಪು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಟೊಮ್ಯಾಟಿಕ್ ಆದರೆ ‘ಡಿ’ ಬಿಟ್ಟು ‘2’ ಅಥವಾ ‘ಎಲ್’. ಸುಟ್ಟ ವಾಸನೆ ಬಂತೋ, ಅಗಲ ಇರುವ ಕಡೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ.

ಬಿರುಗಾಳಿ ಕಾಲ ಜೂನ್‌ನಿಂದ ನವೆಂಬರ್‌ವರೆಗೆ, ಅಂದರೆ ನೀವು ಬರುವುದು ಅದರ ಬಾಲದಲ್ಲಿ. ಹವಾಮಾನ ಸಂಸ್ಥೆ ಪಗಾಸಾ 1ರಿಂದ 5ರವರೆಗೆ ಕೊಡುವ ಸಂಕೇತ ಗಾಳಿಯ ಜೋರನ್ನು ಹೇಳುವಂಥದ್ದು. ಬೆಟ್ಟದಲ್ಲಿ ಗುಡ್ಡ ಕುಸಿಯುವುದು ಮಳೆಯಿಂದ, ಅದೂ ಮಳೆ ನಿಂತ ಒಂದೆರಡು ದಿನದ ಮೇಲೂ ಕುಸಿಯಬಹುದು. ಸಂಕೇತ ತೆಗೆದರೆಂದು ಆ ಕ್ಷಣವೇ ಹೊರಡಬೇಡಿ. ಲೋಕೋಪಯೋಗಿ ಇಲಾಖೆಯ ಈ ಬೆಟ್ಟಸೀಮೆಯ (ಕೊರ್ಡಿಯೇರಾ) ಕಚೇರಿ ಯಾವ ರಸ್ತೆ ತೆರೆದಿದೆ, ಯಾವುದು ಒಂದೇ ಬದಿಗೆ ಬಿಟ್ಟಿದೆ ಎಂದು ಪ್ರಕಟಿಸುತ್ತದೆ. ಪ್ರತಿ ಬೆಳಿಗ್ಗೆ ಅದನ್ನು ನೋಡಿ.

ಕೆಜಾನ್ ಸಿಟಿಯಿಂದ: ನೀವೇ ಓಡಿಸುವ ವಿಚಾರಕ್ಕೆ ಬರೋಣ. ಇಂಗ್ಲಿಷಿನಲ್ಲಿರುವ ವಿದೇಶಿ ಲೈಸೆನ್ಸ್ ಇಲ್ಲಿಗೆ ಬಂದಿಳಿದ ದಿನದಿಂದ 90 ದಿನ ನಡೆಯುತ್ತದೆ. ಅಂದರೆ ಬೆಂಗಳೂರಿನ ನಾಲ್ವರು ತಮ್ಮ ಡಿಎಲ್‌ನಲ್ಲಿ ಓಡಿಸಬಹುದು. ಊರು ಗೊತ್ತಿರುವ ಮಕಾಟಿಯ ಇಬ್ಬರು ಇಲ್ಲಿನ ಸಾರಿಗೆ ಕಚೇರಿ ಎಲ್‌ಟಿಒದಲ್ಲಿ ಲೈಸೆನ್ಸ್ ಬದಲಾಯಿಸಿಕೊಂಡಿಲ್ಲದಿದ್ದರೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ಇದನ್ನೇ. ಕೆಲವು ಬಾಡಿಗೆಯವರು ಅಂತರರಾಷ್ಟ್ರೀಯ ಪರ್ಮಿಟ್ಟನ್ನೂ ಕೇಳುತ್ತಾರೆ. ನಿಮ್ಮ ಆರ್‌ಟಿಒದಲ್ಲಿ ಫಾರಂ 4ಎ ಕೊಟ್ಟರೆ ಒಂದು ವರ್ಷಕ್ಕೆ ಸಿಗುತ್ತದೆ.

ಇಲ್ಲಿ ಗಾಡಿ ಬಲಕ್ಕೆ ಓಡುತ್ತದೆ, ಚಾಲಕ ಎಡಕ್ಕೆ ಕೂರುತ್ತಾನೆ. ನಮ್ಮವರು ಎದುರು ಗಾಡಿಗೆ ಹೆದರಿ ಬಲಕ್ಕೆ ಸರಿಯುತ್ತಾರೆ, ಕಾರಿನ ಬಲಬದಿ ಎಷ್ಟು ಅಗಲ ಅಂತ ಅಂದಾಜು ಸಿಗದೆ ಚಕ್ರ ಪಕ್ಕದ ಕಾಂಕ್ರೀಟ್ ಚರಂಡಿಗೆ ಇಳಿಯುತ್ತದೆ. ಹಲ್ಸೆಮಾದ ತಿರುವುಗಳಲ್ಲಿ ಇದನ್ನು ಕಲಿಯಲು ಹೋಗಬೇಡಿ.

ಆರು ಜನಕ್ಕೆ ನನ್ನ ಸಲಹೆ ಚಾಲಕನ ಸಮೇತ ವ್ಯಾನ್. ಏಳು ಸೀಟಿನ ಇನ್ನೋವಾದಲ್ಲಿ ಹಿಂದಿನ ಸಾಲು ತೆರೆದರೆ ಆರು ಬ್ಯಾಗಿಗೆ ಜಾಗವಿಲ್ಲ. ಹೈಏಸ್ ಅಥವಾ ಅರ್ವಾನ್ ವ್ಯಾನ್‌ನಲ್ಲಿ ಕಾಲು ಚಾಚಿ ಕೂರಬಹುದು. ಮಾತಾಡುವಾಗ ಡೀಸೆಲ್, ಟೋಲ್, ಪಾರ್ಕಿಂಗ್, ಚಾಲಕನ ಊಟ-ವಸತಿ ಯಾರದು, ರಸ್ತೆ ಮುಚ್ಚಿ ಒಂದು ದಿನ ಹೆಚ್ಚಾದರೆ ಎಷ್ಟು, ಇವನ್ನೆಲ್ಲ ಬರೆಸಿಕೊಳ್ಳಿ. ‘ಸಗಾಡಾ, ಬನಾವೆ’ ಎಂದು ಊರಿನ ಹೆಸರು ಹೇಳಿಯೇ ಕೇಳಿ. ‘ಬಾಗಿಯೊವರೆಗೆ ಮಾತ್ರ’ ಅನ್ನುವವರಿದ್ದಾರೆ. ಪರವಾನಗಿ ಇಲ್ಲದೆ ಬಾಡಿಗೆಗೆ ಓಡುವ ಗಾಡಿಗೆ ಇಲ್ಲಿ ‘ಕೊಲೊರುಮ್’ ಎನ್ನುತ್ತಾರೆ. ಹಿಡಿದರೆ ವ್ಯಾನನ್ನು ಜಪ್ತಿ ಮಾಡುತ್ತಾರೆ, ನೀವು ದಾರಿಯಲ್ಲಿ. ಆ ಪರವಾನಗಿಯ (ಫ್ರಾಂಚೈಸ್) ಕಾಗದದ ಪ್ರತಿ ಕೇಳಿ; ಕೊಡಲು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಹುಡುಕಿ.

ಪಾಸಿಗ್‌ನಿಂದ: ಎರಡು ಸೇರಿಸುತ್ತೇನೆ. ಟೋಲ್ ಸ್ಟಿಕರ್ ಎರಡು ಬಗೆ: ಎನ್‌ಲೆಕ್ಸ್, ಸಿಟೆಕ್ಸ್‌ಗೆ ಈಝಿಟ್ರಿಪ್, ಟಿಪ್ಲೆಕ್ಸ್‌ಗೆ ಆಟೋಸ್ವೀಪ್. ಎರಡೂ ಕಡೆ ಒಂದೇ ಖಾತೆ ನಡೆಯುವ ವ್ಯವಸ್ಥೆ ಬಂದಿದ್ದರೂ ನಿಮ್ಮ ಗಾಡಿಯದ್ದು ಹಾಗಿದೆಯೇ, ಬ್ಯಾಲೆನ್ಸ್ ಎಷ್ಟಿದೆ ಎಂದು ಹೊರಡುವ ಹಿಂದಿನ ದಿನ ನೋಡಿ.

ಇನ್ನೊಂದು ನಂಬರ್ ಕೋಡಿಂಗ್, ಪ್ಲೇಟಿನ ಅಂಕಿ ನೋಡಿ ವಾರಕ್ಕೊಂದು ದಿನ ಗಾಡಿ ತಡೆಯುವ ನಿಯಮ. ಪ್ಲೇಟಿನ ಕೊನೆಯ ಅಂಕಿ 1, 2 ಆದರೆ ಸೋಮವಾರ, 3, 4 ಮಂಗಳವಾರ, ಹೀಗೆ 9, 0 ಶುಕ್ರವಾರ. ಮೆಟ್ರೊ ಮನಿಲಾದಲ್ಲಿ ಬೆಳಿಗ್ಗೆ 7ರಿಂದ 10, ಸಂಜೆ 5ರಿಂದ 8 ಆ ಗಾಡಿ ರಸ್ತೆಗಿಳಿಯಬಾರದು. ಬಾಗಿಯೊ ಪೇಟೆಯೊಳಗೂ ಬೇರೆಯದೇ ಕೋಡಿಂಗ್ ಇದೆ, ಅಲ್ಲಿ ಮಧ್ಯಾಹ್ನದ ಬಿಡುವಿಲ್ಲ. ನಸುಕಿನ ನಾಲ್ಕಕ್ಕೆ ಮನಿಲಾ ಬಿಟ್ಟರೆ ಮನಿಲಾದ ಕೋಡಿಂಗೂ ಟ್ರಾಫಿಕ್ಕೂ ಎರಡೂ ತಪ್ಪುತ್ತವೆ.

ಸಗಾಡಾ ಬಲ್ಲವರು: ಊರು ತಲುಪಿದ ಕೂಡಲೇ ಪುರಸಭೆ ಕಟ್ಟಡದಲ್ಲಿ ಹೆಸರು ಬರೆಸಿ, ಪರಿಸರ ಶುಲ್ಕ ಕಟ್ಟಿ, ರಸೀದಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಗೈಡ್ ಇಲ್ಲದೆ ಗುಹೆಗಾಗಲಿ ಎಕೋ ಕಣಿವೆಯ ನೇತಾಡುವ ಶವಪೆಟ್ಟಿಗೆಗಳ ಕಡೆಗಾಗಲಿ ಬಿಡುವುದಿಲ್ಲ.

ಗುಹೆಯಲ್ಲಿ ಎರಡು ಆಯ್ಕೆ. ಸುಮಾಗಿಂಗ್ ಮಾತ್ರವಾದರೆ ಒಂದೂವರೆಯಿಂದ ಎರಡು ಗಂಟೆ. ಲುಮಿಯಾಂಗ್‌ನಲ್ಲಿ ಇಳಿದು ಸುಮಾಗಿಂಗ್‌ನಲ್ಲಿ ಹೊರಬರುವ ‘ಕೇವ್ ಕನೆಕ್ಷನ್’ ಮೂರರಿಂದ ನಾಲ್ಕು ಗಂಟೆ. ಇದರಲ್ಲಿ ಬಂಡೆಗಳ ಸಂದಿಯಲ್ಲಿ ಮೈ ತೂರಿಸಬೇಕು, ಹಗ್ಗ ಹಿಡಿದು ಇಳಿಯಬೇಕು, ತಣ್ಣೀರಿಗೆ ಇಳಿಯಬೇಕು. ಮಂಡಿ ನೋವಿನವರು, ಇಕ್ಕಟ್ಟಿಗೆ ಹೆದರುವವರು ಸುಮಾಗಿಂಗ್‌ನಷ್ಟೇ ನೋಡಲಿ, ಅದೇನೂ ಕಡಿಮೆಯಲ್ಲ. ಕನೆಕ್ಷನ್‌ನಲ್ಲಿ ಅರ್ಧ ದಾರಿಯಲ್ಲಿ ‘ಆಗಲ್ಲ’ ಎಂದರೆ ಬಂದ ಕಷ್ಟದ ದಾರಿಯಲ್ಲೇ ವಾಪಸ್ ಹತ್ತಬೇಕು.

ಕಾಲಿಗೆ ಹಿಡಿತವಿರುವ ರಬ್ಬರ್ ಚಪ್ಪಲಿ. ಶೂ ನೀರು ಕುಡಿದು ಭಾರವಾಗುತ್ತದೆ. ಸುಮಾಗಿಂಗ್‌ನ ಮೇಲಿನ ಇಳಿಜಾರಿನಲ್ಲಿ ಬಾವಲಿ ಹಿಕ್ಕೆ ಮೆತ್ತಿ ಜಾರುತ್ತದೆ. ಹೆಚ್ಚಿನವರು ಬೀಳುವುದು ಅಲ್ಲೇ. ಕೆಳಗಿನ ಸುಣ್ಣಕಲ್ಲಿನ ಭಾಗದಲ್ಲಿ ಗೈಡ್ ಚಪ್ಪಲಿ ಬಿಚ್ಚಿಸುತ್ತಾನೆ, ಅಲ್ಲಿ ಬರಿಗಾಲಿಗೇ ಹಿಡಿತ ಹೆಚ್ಚು. ಜೀನ್ಸ್ ಬೇಡ, ಚಡ್ಡಿ ಸಾಕು. ಗೈಡ್ ಹತ್ತಿರ ಲಾಟೀನು ಇರುತ್ತದೆ, ಆದರೂ ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು ಇರಲಿ, ಎರಡೂ ಕೈ ಬಂಡೆ ಹಿಡಿಯಲು ಬೇಕು. ಹೊರಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ. ಮಳೆ ಬಂದು ಗೈಡ್ ‘ಇವತ್ತು ಬೇಡ’ ಎಂದರೆ ಚೌಕಾಶಿ ಮಾಡಬೇಡಿ: ಒಳಗೆ ನೀರು ಏರುತ್ತದೆ.

ಶವಪೆಟ್ಟಿಗೆ ಮುಟ್ಟಬಾರದು, ಕಣಿವೆಯಲ್ಲಿ ಕೂಗಬಾರದು. ಅದು ಇಲ್ಲಿನವರ ಹಿರಿಯರ ಜಾಗ. ‘ಒಬಾಯಾ’ ಎಂಬ ಊರ ವಿರಾಮದ ದಿನ ಬೊಮೊದ್-ಓಕ್ ಜಲಪಾತಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಆ ದಿನ ಬೇರೆ ಕಡೆ ಹೋಗಿ. ನಗದನ್ನು ಬಾಗಿಯೊದಲ್ಲೇ ತೆಗೆದುಕೊಳ್ಳಿ, ಮೇಲಿನ ಎಟಿಎಂ ನಂಬಿ ಬರಬೇಡಿ.

ಹುಬ್ಬಳ್ಳಿ ಕಡೆಯವರು, ಈಗ ಮನಿಲಾದಾಗ: ಊಟದ್ದು ಯಾರೂ ಹೇಳಲೇ ಇಲ್ಲಲ್ರೀ. ‘ಗುಲಾಯ್’ ಅಂದ್ರ ಕಾಯಿಪಲ್ಲೆ ಖರೆ, ಆದ್ರ ಪಲ್ಲೆದಾಗ ಸೀಗಡಿ ಹುದುಗಿಸಿದ ಬಾಗೊಒಂಗ್, ಮೀನಿನ ಸಾಸ್ ಪಾತಿಸ್, ಇಲ್ಲಾ ಹಂದಿ ಚೂರು ಹಾಕಿರ್ತಾರ. ಪಿನಕ್ಬೆತ್ ನೋಡಾಕ ಬದನಿಕಾಯಿ, ಬೆಂಡಿಕಾಯಿ ಪಲ್ಲೆ. ಬಾಗೊಒಂಗ್ ಇಲ್ದ ಮಾಡೂದಿಲ್ಲ. ಹೆಸರುಕಾಳಿನ ಮೊಂಗೊದಾಗೂ ಹಂದಿ ಇರತೈತಿ. ‘ವಲಾಂಗ್ ಕಾರ್ನೆ, ವಲಾಂಗ್ ಇಸ್ಡಾ, ವಲಾಂಗ್ ಬಾಗೊಒಂಗ್, ವಲಾಂಗ್ ಪಾತಿಸ್’ ಅಂತ ನಾಲ್ಕೂ ಹೇಳ್ರಿ: ಮಾಂಸ ಬ್ಯಾಡ, ಮೀನ ಬ್ಯಾಡ, ಬಾಗೊಒಂಗ್, ಪಾತಿಸ್ ಎರಡೂ ಬ್ಯಾಡ. ಬರೇ ‘ವೆಜಿಟೇರಿಯನ್’ ಅಂದ್ರ ಕೋಳಿ ತಂದಿಡ್ತಾರ. ತತ್ತಿ ತಿನ್ನವರಿಗೆ ತೊರ್ತಾಂಗ್ ತಲೊಂಗ್ ಐತಿ, ಸುಟ್ಟ ಬದನಿಕಾಯಿಗೆ ತತ್ತಿ. ಅದರಾಗೂ ಖೀಮಾ ಬ್ಯಾಡ ಅಂತ ಹೇಳ್ರಿ. ಮುಂಜಾನೆ ಬೀದ್ಯಾಗ ಮಾರೋ ತಾಹೊ, ಸೋಯಾ ಗಿಣ್ಣು, ಬೆಲ್ಲದ ಪಾಕ, ಸಾಬುದಾಣಿ, ಭಾಳ ಛಲೋ. ಚಟ್ನಿಪುಡಿ, ಉಪ್ಪಿನಕಾಯಿ ಜೋಡಿ ಇಟ್ಕೊಂಡ್ರ ಬಿಸಿ ಅನ್ನ ಎಲ್ಲಾ ಕಡೆ ಸಿಗತೈತಿ.

ದಾವಾವೊದಿಂದ, ವೈದ್ಯಕೀಯ ವಿದ್ಯಾರ್ಥಿ: ತಿರುವುಗಳಲ್ಲಿ ವಾಂತಿಯಾಗುವವರು ಹೊರಡುವ ಒಂದು ಗಂಟೆ ಮೊದಲು ಮಾತ್ರೆ ತಗೊಳ್ಳಿ. ಇಲ್ಲಿ ಬೊನಮೈನ್ ಹೆಸರಲ್ಲಿ ಸಿಗುತ್ತದೆ, ಮೆಕ್ಲಿಝಿನ್. ಅದು ನಿದ್ದೆ ತರಿಸುತ್ತದೆ, ಓಡಿಸುವವರು ತಗೊಳ್ಳಬಾರದು.

ಕೇಳಿದವರು: ಎಲ್ಲರಿಗೂ ಧನ್ಯವಾದ. ವ್ಯಾನ್ ಎಂದೇ ತೀರ್ಮಾನಿಸಿದೆವು. ಪುಲಾಗ್ ಬೆಟ್ಟ ಇದರಲ್ಲಿ ಹೊಂದುತ್ತದೆಯೇ?

ಬಾಗಿಯೊದಿಂದ: ಬೇಡ. ಲೂಝಾನ್‌ನ ಅತಿ ಎತ್ತರದ ಬೆಟ್ಟ ಅದು, 2,900 ಮೀಟರ್ ಮೀರಿದ್ದು. ಸುಲಭವೆನ್ನುವ ಅಂಬಾಂಗೆಗ್ ದಾರಿಗೂ ಮುಂಚಿತ ಅನುಮತಿ, ವೈದ್ಯರ ಪ್ರಮಾಣಪತ್ರ, ಬೊಕೊದ್‌ನಲ್ಲಿ ತಿಳಿವಳಿಕೆ ಕಾರ್ಯಕ್ರಮ ಇವೆಲ್ಲ ಕಡ್ಡಾಯ. ರಾತ್ರಿ ಒಂದಕ್ಕೆ ಎದ್ದು ಹತ್ತಬೇಕು. ಬಾಗಿಯೊದಿಂದ ಹೋಗಿ ಬರಲು ಎರಡು ದಿನ ಬೇಕು; ಅದು ನಿಮ್ಮ ಕಾಯ್ದಿಟ್ಟ ದಿನವನ್ನೂ ನುಂಗುತ್ತದೆ. ಪುಲಾಗ್‌ಗೆಂದೇ ಇನ್ನೊಮ್ಮೆ ಬನ್ನಿ, ಫೆಬ್ರವರಿ ಒಳ್ಳೆಯದು.

ಇಫುಗಾವೊ ಕಡೆ ಕೆಲಸ ಮಾಡಿದವರು: ಕೊನೆಯ ಭಾಗ ಹೇಳುತ್ತೇನೆ. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬತಾದ್, ಬಂಗಾಆನ್, ಮಯೊಯಾವ್, ಹುಂಗ್ದುವಾನ್, ನಗಕಾದನ್ ಎಂಬ ಐದು ಕಡೆಯ ಗದ್ದೆಗಳು. ಎಲ್ಲರೂ ಫೋಟೊ ತೆಗೆಯುವ ಬನಾವೆ ವ್ಯೂಪಾಯಿಂಟಿನ ಗದ್ದೆಗಳು ಅದರಲ್ಲಿಲ್ಲ. ಅದಕ್ಕೇ ಒಂದು ರಾತ್ರಿ ಬತಾದ್‌ನಲ್ಲೇ ಉಳಿಯಿರಿ ಎನ್ನುವುದು. ನವೆಂಬರ್‌ನಲ್ಲಿ ಹಸಿರು ನಿರೀಕ್ಷಿಸಬೇಡಿ, ಬನಾವೆ ಸುತ್ತ ಹಸಿರು ಏಪ್ರಿಲ್-ಮೇ, ಕಟಾವು ಜೂನ್-ಜುಲೈ. ನಿಮಗೆ ಸಿಗುವುದು ನೀರು ನಿಂತ, ಕೆಸರು ಮಾಡಿದ ಗದ್ದೆ.

ಬೊಂತೋಕ್‌ನಿಂದ ಬರುವಾಗ ಪೊಲಿಸ್ ಬೆಟ್ಟ ದಾಟುತ್ತೀರಿ, ಅಲ್ಲೂ ಮಂಜು, ಮಧ್ಯಾಹ್ನದೊಳಗೆ ದಾಟಿಬಿಡಿ. ವ್ಯಾನ್ ಬಿಟ್ಟ ಮೇಲೆ ಬತಾದ್‌ಗೆ ನಡೆದೇ ಇಳಿಯಬೇಕು. ಒಂದು ರಾತ್ರಿಗೆ ಬೇಕಾದಷ್ಟೇ ಸಣ್ಣ ಬ್ಯಾಗಿನಲ್ಲಿ ಹಾಕಿ, ಉಳಿದದ್ದು ವ್ಯಾನಲ್ಲಿ ಇರಲಿ. ಬದುವಿನ ಮೇಲೆ ನಡೆಯುವಾಗ ಒಂದು ಕಡೆ ಕೆಸರು, ಇನ್ನೊಂದು ಕಡೆ ಆಳುದ್ದ ಇಳಿತ. ಕಾಲು ಜಾರಿದರೆ ಕೆಸರಿನ ಕಡೆಗೇ ಬೀಳಿ. ಫೋಟೊ ತೆಗೆಯುತ್ತ ನಡೆಯಬೇಡಿ, ನಿಂತು ತೆಗೆಯಿರಿ. ಬದುವಿನ ಕಲ್ಲು ಸಡಿಲವಾಗಿದ್ದರೆ ಅದರ ಮೇಲೆ ಭಾರ ಹಾಕಬೇಡಿ, ಒಂದು ಕಲ್ಲು ಹೋದರೆ ಆ ಗದ್ದೆಯ ನೀರು ಕೆಳಗಿನದನ್ನೂ ಕೊಚ್ಚುತ್ತದೆ. ತಪ್ಪಿಯಾ ಜಲಪಾತಕ್ಕೆ ಇಳಿಯುವುದು ಕಡಿದಾದ ಮೆಟ್ಟಿಲು, ಹತ್ತಿ ಬರಲು ಇಳಿದ ಸಮಯದ ಎರಡರಷ್ಟು ಇಟ್ಟುಕೊಳ್ಳಿ.

ವಾಪಸ್ ಹೋಗುವ ದಾರಿ ಲಗಾವೆ, ಸೊಲಾನೊ, ಬಯೊಂಬೊಂಗ್, ಆಮೇಲೆ ಡಾಲ್ಟನ್ ಪಾಸ್. ಆ ಘಾಟಿಯಲ್ಲಿ ಕಗಾಯಾನ್ ಕಣಿವೆಯ ಲಾರಿಗಳೆಲ್ಲ ಸಾಲುಗಟ್ಟುತ್ತವೆ, ಒಂದು ಕೆಟ್ಟು ನಿಂತರೂ ಎರಡು ಗಂಟೆ ಹೋಯಿತು. ಬನಾವೆಯಿಂದ ಬೆಳಿಗ್ಗೆ ಐದಕ್ಕೆ ಹೊರಡಿ, ಸೊಲಾನೊದಲ್ಲಿ ತಿಂಡಿ, ಡೀಸೆಲ್ ಎರಡೂ ಮುಗಿಸಿಕೊಂಡೇ ಘಾಟಿ ಹತ್ತಿ.