ಪದಚರ್ಚೆ: ‘ಕಾಲ್ನಡೆ ಯಾತ್ರಿಕರ ಅವಕಾಶಗಳು’ – ಬೋರ್ಡಿಗೆ ಸರಿಯಾದ ಕನ್ನಡ ಬೇಕು (ಅರ್ಜೆಂಟು)

ಕುಂಬಳೆಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಕಾನೂನು ಮಾಹಿತಿ ಶಿಬಿರ ಇದೆ. ನಡೆದು ಹೋಗುವವರಿಗೆ ಗಾಡಿ ಗುದ್ದಿದರೆ ಅವರಿಗೆ ಏನು ಸಿಗಬೇಕು, ಎಲ್ಲಿ ಕೇಳಬೇಕು ಅಂತ ಒಂದು ಫ್ಲೆಕ್ಸ್ ಆಗಬೇಕು. ಗಡಿಯ ತಲಪಾಡಿಯಿಂದ ಈಚೆಗೆ, ಕೇರಳದ ಒಳಗೆ, ಹೆದ್ದಾರಿ 66 ಆರು ಪಥ ಆದ ಮೇಲೆ ಆಚೆ ಬದಿಯ ಅಂಗಡಿಗೆ ಹೋಗುವುದೇ ಒಂದು ಸಾಹಸ. ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಲಯಾಳದ ಪಠ್ಯ ತಯಾರಿದೆ. ಅದನ್ನು ಯಾರೋ ಕನ್ನಡ ಮಾಡಿ ಕಳಿಸಿದ್ದಾರೆ. ಇದ್ದ ಹಾಗೇ ಹಾಕುತ್ತೇನೆ:

“ಕಾಲ್ನಡೆ ಯಾತ್ರಿಕರ ಅವಕಾಶಗಳು. ವಾಹನ ಅಪಕಟದಲ್ಲಿ ಪರಿಕ್ಕು ಆದವರು ನಷ್ಟಪರಿಹಾರಕ್ಕೆ ಅಪೇಕ್ಷೆ ನೀಡಬಹುದು. ಟ್ರಿಬ್ಯೂನಲಿನ ವಿಧಿ ಬಂದ ಮೇಲೆ ಹಣ ಲಭಿಸುವುದು.”

ಇದನ್ನು ಸರಿ ಮಾಡಿಕೊಡಿ. ‘ಹಿಟ್ ಆಂಡ್ ರನ್’, ‘ನೋ ಫಾಲ್ಟ್’ (ತಪ್ಪು ಯಾರದು ಅಂತ ನೋಡದೆ ಹಣ ಕೊಡುವುದು) ಇವೆರಡಕ್ಕೂ ಜನರಿಗೆ ತಿಳಿಯುವ ಪದ ಬೇಕು. ಪ್ರೆಸ್ಸಿನವರು ನಾಳೆ ಮಧ್ಯಾಹ್ನಕ್ಕೆ ಕೇಳಿದ್ದಾರೆ. ಆರಡಿ ಅಗಲ, ನಾಲ್ಕಡಿ ಎತ್ತರ. ಅದರಲ್ಲಿ ಅರ್ಧ ಮಲಯಾಳಕ್ಕೆ.

ಬದಿಯಡ್ಕದಿಂದ:

ತಂಗೀ, ಮೊದಲು ಅದನ್ನು ಹರಿದು ಹಾಕು.

ಮಲಯಾಳದಲ್ಲಿ ‘ಅವಕಾಶ’ ಅಂದರೆ ಹಕ್ಕು. ಕನ್ನಡದಲ್ಲಿ ಅವಕಾಶ ಅಂದರೆ ಸಂದರ್ಭ, ಚಾನ್ಸು. ಅಲ್ಲಿ ‘ಯಾತ್ರಕ್ಕಾರ’ ಪ್ರಯಾಣಿಕ. ಇಲ್ಲಿ ಯಾತ್ರಿಕ ತೀರ್ಥಕ್ಷೇತ್ರಕ್ಕೆ ಹೊರಟವನು. ಹಾಗಾಗಿ ತಲೆಬರಹ ಓದಿದವರಿಗೆ ತೋಚುವುದು: ನಡೆದುಕೊಂಡೇ ಶಬರಿಮಲೆಗೆ ಹೋಗುವವರಿಗೆ ಏನೋ ಸವಲತ್ತು ಬಂದಿದೆ. ‘ಅಪೇಕ್ಷೆ’ ಅವರಿಗೆ ಅರ್ಜಿ, ನಮಗೆ ಆಸೆ. ‘ವಿಧಿ’ ಅವರಿಗೆ ತೀರ್ಪೂ ಹೌದು, ನಮಗೆ ಹಣೆಬರಹ. ಟ್ರಿಬ್ಯೂನಲಿನ ವಿಧಿ ಬರುವವರೆಗೆ ಕಾಯಿರಿ ಅಂದರೆ ಯಾರು ಅರ್ಜಿ ಹಾಕುತ್ತಾರೆ?

ಪಾದಚಾರಿಗಳ ಹಕ್ಕುಗಳು, ಅಪಘಾತ, ಗಾಯ, ಅರ್ಜಿ, ತೀರ್ಪು. ಇಷ್ಟು ಬದಲಿಸು.

‘ಪರಿಹಾರ’ದ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರು ಹಿಂದಿನಿಂದಲೂ ಇದೆ. ಪರಿ ಉಪಸರ್ಗ, ಹೃ ಧಾತು. ದೂರ ಮಾಡುವುದು, ನಿವಾರಿಸುವುದು ಅಂತ ಅರ್ಥ. ಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಅಂತ ಬರುತ್ತದೆ. ದಾನ ಕೊಟ್ಟ ಭೂಮಿಗೆ ತೆರಿಗೆಯ ಕಾಟ ಇಲ್ಲ ಅಂತ. ಈಗಲೂ ದೋಷ ಪರಿಹಾರ, ನೆರೆ ಪರಿಹಾರ ಅನ್ನುತ್ತೇವೆ. ಎಲ್ಲ ಕಡೆಯೂ ಮೇಲಿನವರು ದಯೆ ತೋರಿಸಿದರೆ ಸಿಗುವಂಥದ್ದು. ಕಾಲು ಮುರಿದವನಿಗೆ ಮುರಿದವನು ಕೊಡಬೇಕಾದ ಹಣ ದಯೆ ಅಲ್ಲ, ಬಾಕಿ. ಹಾಗಾಗಿ ‘ನಷ್ಟಭರ್ತಿ’ ಅಂತಲೇ ಹಾಕು.

ಬೆಂಗಳೂರಿನಿಂದ:

ನಷ್ಟ ಸಂಸ್ಕೃತ. ಭರ್ತಿ ಮರಾಠಿ ಕಡೆಯದು. ಎರಡು ಸಾಲ ಸೇರಿಸಿ ಒಂದು ಕನ್ನಡ ಪದ ಅಂತೀರಾ?

ನಮ್ಮದೇ ಪದ ‘ಈಡು’ ಇದೆ. ಸಮ, ಬದಲಿಗೆ ಕೊಡುವುದು ಅಂತ ಅರ್ಥ. ‘ಈಡುಹಣ’ ಅನ್ನಿ. ಪಾದಚಾರಿಗೆ ‘ನಡೆಗ’, ಹಿಟ್ ಆಂಡ್ ರನ್ನಿಗೆ ‘ಗುದ್ದೋಡು’, ನೋ ಫಾಲ್ಟಿಗೆ ‘ತಪ್ಪೆಣಿಸದ ಹೊಣೆ’. ಬಳಸುತ್ತಾ ಹೋದರೆ ರೂಢಿಯಾಗುತ್ತದೆ.

ತಾಳವಾಡಿಯಿಂದ:

ಈಡು ಕೆಟ್ಟ ಸಲಹೆ ಏನಲ್ಲ. ನಮ್ಮ ಕಡೆ ತಮಿಳಿನಲ್ಲಿ ‘ಇಳಪ್ಪೀಡು’ ಅಂತಲೇ ಇದೆ. ಇಳಪ್ಪು ಅಂದರೆ ಕಳೆದುಕೊಂಡದ್ದು, ಅದಕ್ಕೆ ಈಡು. ಹಳ್ಳಿಯವರಿಗೂ ತಿಳಿಯುತ್ತದೆ. ಕನ್ನಡದಲ್ಲಿ ಈಡಿಗೆ ಬೇರೆ ಕೆಲಸ ಬಿದ್ದಿದೆ, ಅದೇ ಕಷ್ಟ. ಗುಂಡೇಟಿಗೆ ಈಡಾದ, ಟೀಕೆಗೆ ಈಡಾದ. ‘ಅಪಘಾತಕ್ಕೆ ಈಡಾದವರಿಗೆ ಈಡು’ ಅಂದರೆ ಇನ್ನೊಂದು ಸಲ ಗುದ್ದುತ್ತಾರಾ ಅಂತ ಕೇಳಿಯಾರು.

ಅಂದ ಹಾಗೆ, ಆ ಬೋರ್ಡಿನ ‘ಕಾಲ್ನಡೆ’ ನಮ್ಮವರು ಯಾರೂ ಓದದಿರಲಿ. ಇಲ್ಲಿ ‘ಕಾಲ್ನಡೈ’ ಅಂದರೆ ದನಕರು. ‘ಕಾಲ್ನಡೈ ಮರುತ್ತುವಮನೈ’ ಅಂದರೆ ದನದ ಆಸ್ಪತ್ರೆ.

ಮಂಗಳೂರಿನಿಂದ, ಪತ್ರಿಕೆಯ ಡೆಸ್ಕಿನಲ್ಲಿ ಇರುವವನು:

> ಹಿಟ್ ಆಂಡ್ ರನ್ನಿಗೆ ‘ಗುದ್ದೋಡು’

ಸ್ವಾಮೀ, ಅದು ಆಜ್ಞಾರ್ಥಕ. ಹೆದ್ದಾರಿ ಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ಗುದ್ದೋಡು’ ಅಂತ ಹಾಕಿದರೆ ಡ್ರೈವರಿಗೆ ಹೇಳಿಕೊಟ್ಟ ಹಾಗೆ ಆಗುತ್ತದೆ.

ನಾವು ದಿನಾ ಹಾಕುವ ತಲೆಬರಹ ‘ಪಾದಚಾರಿಗೆ ಕಾರು ಢಿಕ್ಕಿ, ಚಾಲಕ ಪರಾರಿ’. ಇಷ್ಟರವರೆಗೆ ಅರ್ಥ ಆಗಲಿಲ್ಲ ಅಂತ ಒಬ್ಬ ಓದುಗರೂ ಫೋನ್ ಮಾಡಿಲ್ಲ. ಬೋರ್ಡಿಗೆ ‘ಢಿಕ್ಕಿ ಹೊಡೆದು ಪರಾರಿ’ ಸಾಕು.

ಬೆಂಗಳೂರಿನಿಂದ:

ಢಿಕ್ಕಿಗೆ ಢ ಯಾಕೆ? ಯಾರ ಬಾಯಲ್ಲಿ ಬರುತ್ತದೆ ಅದು? ಡಿಕ್ಕಿ ಸಾಕು.

ಮಂಗಳೂರಿನಿಂದ:

ಡಿಕ್ಕಿ ಅಂದರೆ ಕಾರಿನ ಹಿಂದೆ ಲಗೇಜು ಹಾಕುವ ಜಾಗ. ಮುಂದೆ ಹೋಗೋಣ.

ಕಾಸರಗೋಡಿನಿಂದ, ಕೋರ್ಟಿನಲ್ಲಿ ಈ ಕೇಸುಗಳನ್ನೇ ನಡೆಸುವವನು:

ವ್ಯುತ್ಪತ್ತಿ ನಿಧಾನಕ್ಕೆ ನೋಡಿ. ಹಣದ ದಾರಿ ಮೂರು ಇದೆ, ಮೂರನ್ನೂ ಒಂದೇ ಪದದಲ್ಲಿ ಕಟ್ಟಿದರೆ ಬೋರ್ಡು ದಾರಿ ತಪ್ಪಿಸುತ್ತದೆ.

ಗುದ್ದಿದ ಗಾಡಿ ಯಾವುದು ಅಂತ ಗೊತ್ತಿದ್ದು, ಡ್ರೈವರನ ಅಜಾಗರೂಕತೆಯನ್ನು ತೋರಿಸಲು ಆಗುತ್ತದೆ ಅಂತಾದರೆ, ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್. ಟ್ರಿಬ್ಯೂನಲಿಗೆ, ಅಂದರೆ ವಾಹನ ಅಪಘಾತದ ಕೇಸು ನೋಡುವ ನ್ಯಾಯಮಂಡಳಿಗೆ, ಅರ್ಜಿ. ಇಲ್ಲಿ ಮೊತ್ತಕ್ಕೆ ಮಿತಿ ಇಲ್ಲ. ಆಸ್ಪತ್ರೆ ಖರ್ಚು, ತಪ್ಪಿದ ದುಡಿಮೆ, ಉಳಿದುಹೋದ ಊನ ಎಲ್ಲ ಲೆಕ್ಕಕ್ಕೆ ಬರುತ್ತದೆ. ಜೀವ ಹೋದರೆ ವರ್ಷದ ದುಡಿಮೆಯಲ್ಲಿ ಆ ವ್ಯಕ್ತಿಯ ಸ್ವಂತ ಖರ್ಚು ಕಳೆದು, ಉಳಿದದ್ದನ್ನು ವಯಸ್ಸಿಗೆ ತಕ್ಕ ಅಂಕೆಯಿಂದ ಗುಣಿಸುತ್ತಾರೆ. 38 ವಯಸ್ಸಾದರೆ 15ರಿಂದ, 58 ಆದರೆ 9ರಿಂದ. 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಲೆಕ್ಕ ಇದು.

ಇನ್ನೊಂದು 164. ತಪ್ಪು ಯಾರದು ಅಂತ ತೋರಿಸುವ ಗೊಡವೆಯೇ ಇಲ್ಲ. ಜೀವ ಹೋದರೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಗಾಡಿಯ ಮಾಲಕ ಅಥವಾ ಇನ್ಶೂರೆನ್ಸಿನವರು ಕೊಡಬೇಕು. ಇದು ಬೇಗ ಆಗುತ್ತದೆ ಅಂತ ಕೈಚಾಚುವ ಮೊದಲು ಯೋಚನೆ ಮಾಡಬೇಕು. ಇನ್ಶೂರೆನ್ಸಿನವರ ಜೊತೆ ಇದರಲ್ಲಿ ಮುಗಿಸಿಕೊಂಡು ಹಣ ತೆಗೆದುಕೊಂಡರೆ ಟ್ರಿಬ್ಯೂನಲಿನ ಅರ್ಜಿ ಬಿದ್ದುಹೋಗುತ್ತದೆ.

ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೆ 161. ಜೀವ ಹೋದರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. 2022ರ ಏಪ್ರಿಲ್ 1ಕ್ಕೆ ಮೊದಲು 25 ಸಾವಿರ ಮತ್ತು 12,500 ಇತ್ತು. ಇದಕ್ಕೆ ಟ್ರಿಬ್ಯೂನಲ್ ಬೇಡ. ತಾಲೂಕಿನ ಕಂದಾಯ ಅಧಿಕಾರಿಯ ಹತ್ತಿರ ಅರ್ಜಿ, ಮಂಜೂರು ಮಾಡುವುದು ಕಲೆಕ್ಟರ್. ಮುಂದೆ ಗಾಡಿ ಪತ್ತೆಯಾಗಿ ಬೇರೆ ಹಣ ಬಂದರೆ ಇದನ್ನು ಹಿಂದೆ ಕೊಡಬೇಕು.

ಹಾಗಾಗಿ ಬದಿಯಡ್ಕದ ಮಾಷ್ಟ್ರೇ, ‘ಪರಿಹಾರ’ವನ್ನು ಪೂರ್ತಿ ಓಡಿಸಬೇಡಿ. 161ರದ್ದು ನಿಗದಿ ಮೊತ್ತ, ಅದಕ್ಕೆ ‘ಪರಿಹಾರ’ ಹೊಂದುತ್ತದೆ. 166ರದ್ದು ಕಳೆದುಕೊಂಡದ್ದರ ಲೆಕ್ಕ, ಅದು ‘ನಷ್ಟಪರಿಹಾರ’. ನಷ್ಟಭರ್ತಿ ಅಂದರೆ ನಮ್ಮ ಕಕ್ಷಿದಾರರು ‘ಎಲ್ಲಿ ಭರ್ತಿ ಮಾಡಬೇಕು’ ಅಂತ ಫಾರಂ ಹುಡುಕುತ್ತಾರೆ. ಮತ್ತೆ ಮಲಯಾಳದಲ್ಲೂ ನಷ್ಟಪರಿಹಾರವೇ ಇದೆ, ಅರ್ಥವೂ ಅದೇ. ಎರಡು ಭಾಷೆ ಒಂದೇ ಬೋರ್ಡಿನಲ್ಲಿ ಇರುವಾಗ ಸುಮ್ನೆ ಬೇರೆ ಪದ ಯಾಕೆ?

‘ಪಾದಚಾರಿ’ಯ ಬಗ್ಗೆಯೂ ಒಂದು ಮಾತು. ತಲೆಬರಹದಲ್ಲಿ ಅದೊಂದೇ ಇದ್ದರೆ ಬಸ್ಸಿಗೆ ಕಾಯುತ್ತಾ ನಿಂತವರು, ಬದಿಯಲ್ಲಿ ಮೀನಿನ ಬುಟ್ಟಿ ಇಟ್ಟು ಕೂತವರು ತಮಗಲ್ಲ ಅಂದುಕೊಳ್ಳುತ್ತಾರೆ. ‘ನಾನು ನಡೆಯುತ್ತಾ ಇರಲಿಲ್ಲ, ಕೂತಿದ್ದೆ, ನನಗೆ ಸಿಗುತ್ತದಾ?’ ಅಂತ ಒಬ್ಬರು ನನ್ನನ್ನೇ ಕೇಳಿದ್ದಾರೆ. ಸಿಗುತ್ತದೆ. ಕಾನೂನಿಗೆ ನಿಂತವರು, ಕೂತವರು, ನಡೆಯುವವರು ಎಲ್ಲ ಒಂದೇ.

ಗಡುವು ದೊಡ್ಡದಾಗಿ ಹಾಕಿ. 166ರ ಅರ್ಜಿಗೆ ಅಪಘಾತ ಆದ ದಿನದಿಂದ 6 ತಿಂಗಳು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ಆದರೂ ಬೋರ್ಡಿನಲ್ಲಿ 6 ತಿಂಗಳೇ ಇರಲಿ. ಹಾಗೆಯೇ, ಗುದ್ದಿದ್ದು ಮಂಗಳೂರಿನಲ್ಲಿ ಆದರೂ, ಮನೆ ಇಲ್ಲಿ ಇದ್ದರೆ ಅರ್ಜಿ ಇಲ್ಲೇ ಹಾಕಬಹುದು. ತಲಪಾಡಿ ದಾಟಿ ಆಸ್ಪತ್ರೆಗೆ, ಕಾಲೇಜಿಗೆ ದಿನಾ ಹೋಗುವವರಿಗೆ ಇದು ಗೊತ್ತಿಲ್ಲ.

ಕುಂಬಳೆಯಿಂದ:

ವಕೀಲ್ರೇ, ದೊಡ್ಡ ಉಪಕಾರ. ‘ನೋ ಫಾಲ್ಟ್’ ಮಾತ್ರ ಬಾಕಿ. ಒಂದು ಕಡೆ ‘ನಿರ್ದೋಷ ಹೊಣೆಗಾರಿಕೆ’ ಅಂತ ನೋಡಿದೆ. ನಡೆಯುತ್ತದಾ?

ಬದಿಯಡ್ಕದಿಂದ:

ನಡೆಯುವುದಿಲ್ಲ. ನಿರ್ದೋಷ ಅನ್ನುವುದು ಹೊಣೆಗಾರಿಕೆಗೆ ವಿಶೇಷಣ ಆಗುತ್ತದೆ. ಹೊಣೆಗಾರಿಕೆಯಲ್ಲಿ ದೋಷ ಇಲ್ಲ ಅಂತ ಅರ್ಥ. ನಾಮಪದದ ಆಸೆ ಬಿಡು. ‘ತಪ್ಪು ಯಾರದೇ ಇರಲಿ’ ಅಂತ ಶುರು ಮಾಡಿ ಮೊತ್ತ ಬರೆ.

ಬೆಂಗಳೂರಿನಿಂದ:

ಎಲ್ಲದಕ್ಕೂ ವಾಕ್ಯ ಬರೆಯುತ್ತಾ ಕೂತರೆ ಕನ್ನಡದಲ್ಲಿ ಪದಗಳು ಹುಟ್ಟುವುದು ಯಾವಾಗ? ನೇರವಾಗಿ ಹೇಳುತ್ತೇನೆ, ಕಾಸರಗೋಡಿನ ಕನ್ನಡಕ್ಕೆ ಮಲಯಾಳದ ತುಕ್ಕು ಹಿಡಿದಿದೆ. ಅದನ್ನು ತಿಕ್ಕಲು ಇನ್ನಷ್ಟು ಸಂಸ್ಕೃತ ತರುತ್ತಿದ್ದೀರಿ.

ಬದಿಯಡ್ಕದಿಂದ:

ತುಕ್ಕಿನ ಮಾತು ನೀವು ಹೇಳಬೇಡಿ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಾವು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ಅದನ್ನು ಉಳಿಸಿಕೊಳ್ಳಲು ಇಲ್ಲಿ ಮನವಿ ಬರೆದು ಬರೆದು ಕೈ ಸವೆದವರು ಇದ್ದಾರೆ. ನಿಮ್ಮಲ್ಲಿ ಎಲ್ಲ ಕನ್ನಡದಲ್ಲೇ ಇರಬಹುದಾಗಿದ್ದರೂ ಆಟೋದವರು ‘ಹಿಟ್ ಆಂಡ್ ರನ್’ ಅನ್ನುತ್ತಾರೆ.

ಮತ್ತೆ ನಾನು ‘ಪರಿಕ್ಕು’ ಬೇಡ ಅಂದದ್ದು ಬೋರ್ಡಿಗೆ. ಮನೆಯಲ್ಲಿ ನಾನೂ ‘ಬಿದ್ದು ಪರಿಕ್ಕು ಆಯಿತು’ ಅನ್ನುವವನೇ. ಪಕ್ಕದ ಭಾಷೆಯ ಪದ ಹಾಗೇ ಬಂದರೆ ಎದ್ದು ಕಾಣುತ್ತದೆ, ಗೊತ್ತಿಲ್ಲದವರು ಕೇಳಿ ತಿಳಿಯುತ್ತಾರೆ. ಅಪಾಯ ಇರುವುದು ‘ಅವಕಾಶ’ದಂಥ ಪದದಲ್ಲಿ. ಅದು ನಮ್ಮದೂ ಹೌದು, ಅವರದೂ ಹೌದು. ಅರ್ಥ ಮಾತ್ರ ಬೇರೆ. ಯಾರಿಗೂ ಸಂಶಯ ಬರುವುದಿಲ್ಲ. ಹಕ್ಕು ಇದ್ದವನು ಚಾನ್ಸು ಅಂತ ಓದಿ ಮನೆಗೆ ಹೋಗುತ್ತಾನೆ.

ಮಂಗಳೂರಿನಿಂದ:

ಸಾಲದ ಲೆಕ್ಕ ತೆಗೆದರೆ ಈ ಚರ್ಚೆಯಲ್ಲಿ ಎಷ್ಟು ಉಳಿಯುತ್ತದೆ? ರಸ್ತೆ, ಅರ್ಜಿ, ವಕೀಲ, ಪರಾರಿ, ತಕರಾರು, ಖರ್ಚು. ಎಲ್ಲ ಪಾರಸಿ, ಅರಬ್ಬಿ ಕಡೆಯಿಂದ ಬಂದವು. ‘ಬೀದಿ’ ಅನ್ನೋಣ ಅಂದರೆ ಅದೂ ಸಂಸ್ಕೃತದ ವೀಥಿ.

ಬೆಂಗಳೂರಿನಿಂದ:

‘ದಾರಿ’ ಇದೆಯಲ್ಲ.

ಮಂಗಳೂರಿನಿಂದ:

ರಾಷ್ಟ್ರೀಯ ಹೆದ್ದಾರಿಯ ‘ರಾಷ್ಟ್ರೀಯ’ವನ್ನು ಏನು ಮಾಡುತ್ತೀರಿ?

ಕುಂಬಳೆಯಿಂದ:

ದಯವಿಟ್ಟು, ಅದು ಇನ್ನೊಂದು ದಿನಕ್ಕೆ ಇರಲಿ. ನಾನು ಕಳಿಸಬೇಕು ಅಂತಿರುವುದು ಇದು. ತಪ್ಪಿದ್ದರೆ ಈಗಲೇ ಹೇಳಿ.

“ರಸ್ತೆಯಲ್ಲಿ ನಡೆಯುವಾಗ, ನಿಂತಿದ್ದಾಗ, ಕೂತಿದ್ದಾಗ ವಾಹನ ಗುದ್ದಿತೇ? ನಷ್ಟಪರಿಹಾರ ಪಡೆಯುವುದು ನಿಮ್ಮ ಹಕ್ಕು. ಟ್ರಿಬ್ಯೂನಲಿಗೆ 6 ತಿಂಗಳ ಒಳಗೆ ಅರ್ಜಿ ಹಾಕಿ. ಬೇರೆ ಊರಿನಲ್ಲಿ ಗುದ್ದಿದರೂ ಇಲ್ಲೇ ಹಾಕಬಹುದು. ತಪ್ಪು ಯಾರದೇ ಇರಲಿ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಇದನ್ನು ಒಪ್ಪುವ ಮೊದಲು ವಕೀಲರನ್ನು ಕೇಳಿ. ಗುದ್ದಿದ ವಾಹನ ಯಾವುದು ಅಂತ ಗೊತ್ತಾಗದಿದ್ದರೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಪರಿಹಾರ. ಅರ್ಜಿ ತಾಲೂಕು ಕಚೇರಿಯಲ್ಲಿ.”

ಢಿಕ್ಕಿ, ಡಿಕ್ಕಿ ಎರಡೂ ಹಾಕಿಲ್ಲ. ಇಲ್ಲಿ ಯಾರೂ ‘ಢಿಕ್ಕಿ ಹೊಡೆಯಿತು’ ಅಂತ ಮಾತಾಡುವುದಿಲ್ಲ, ಗುದ್ದಿತು ಅಂತಲೇ ಅನ್ನುವುದು. ಪರಾರಿಯೂ ಬೇಡ ಅನಿಸಿತು. ಓಡಿಹೋದ ಗಾಡಿಯ ನಂಬರು ಯಾರಾದರೂ ನೋಡಿದ್ದರೆ 161 ಬರುವುದಿಲ್ಲ, ಅಲ್ವಾ ವಕೀಲ್ರೇ?

ಕಾಸರಗೋಡಿನಿಂದ:

ಸರಿ ಹಿಡಿದಿದ್ದೀರಿ. ಓಡಿಹೋದದ್ದು ಮುಖ್ಯ ಅಲ್ಲ, ಪತ್ತೆ ಆಗದ್ದು ಮುಖ್ಯ. ನಂಬರು ಸಿಕ್ಕಿದರೆ 166ಕ್ಕೆ ಹೋಗಬೇಕು. ಬೋರ್ಡಿನ ಕೆಳಗೆ ಒಂದು ಸಾಲಿನ ಜಾಗ ಇದ್ದರೆ ಚಿಕಿತ್ಸೆಯ ವಿಷಯವನ್ನೂ ಹಾಕಿ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆ: ನಿಗದಿ ಮಾಡಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, ಒಂದೂವರೆ ಲಕ್ಷದವರೆಗೆ ಕ್ಯಾಶ್‌ಲೆಸ್.

ಕುಂಬಳೆಯಿಂದ:

ಹಾಕುತ್ತೇನೆ. ‘ಕ್ಯಾಶ್‌ಲೆಸ್’ ಹಾಗೇ ಇರಲಾ? ‘ನಗದುರಹಿತ ಚಿಕಿತ್ಸೆ’ ಅನ್ನಲಾ?

ಬದಿಯಡ್ಕದಿಂದ:

ನಗದುರಹಿತ ಅಂದರೆ ಜೇಬಿನಲ್ಲಿ ಕಾಸಿಲ್ಲದವನು. ಅದು ರೋಗಿಗೆ ಹೊಂದುತ್ತದೆ, ಚಿಕಿತ್ಸೆಗೆ ಅಲ್ಲ. ‘ಕೈಯಿಂದ ಹಣ ಕಟ್ಟದೆ’ ಅಂತ ಬರೆ.

ಬೆಂಗಳೂರಿನಿಂದ:

‘ದುಡ್ಡಿಲ್ಲದ ಆರೈಕೆ’.

ಮಂಗಳೂರಿನಿಂದ:

ಅದನ್ನು ಓದಿದರೆ ಆಸ್ಪತ್ರೆಯವರ ಹತ್ತಿರ ದುಡ್ಡಿಲ್ಲ ಅಂತ ಅಂದುಕೊಂಡು ಆಂಬುಲೆನ್ಸನ್ನು ಮಂಗಳೂರಿಗೆ ತಿರುಗಿಸುತ್ತಾರೆ. ಮಾಷ್ಟ್ರು ಹೇಳಿದ್ದನ್ನೇ ಹಾಕಿ ಅಕ್ಕ, ಪ್ರೆಸ್ಸಿನವರು ಊಟಕ್ಕೆ ಏಳುವ ಮೊದಲು.